ನಾವು ಸೋಲೋ ಕೌಂಟಿಗೂ ಯಾಕೆ ಹೋಗ್ಬೇಕು: ಮೊಂಟಾನಾ ಸೆನೆಟ್ ಎಲೆಕ್ಷನ್ ಕೆಲಸದಲ್ಲಿ ಕಲಿತಿದ್ದು

ಅಮೆರಿಕದಲ್ಲಿ ಎಲೆಕ್ಷನ್ ಕ್ಯಾಂಪೇನ್ ಕೆಲಸ ಮಾಡಿದ್ದೀನಿ ಅಂದ ತಕ್ಷಣ ಜನ ಕೇಳೋದು ಟಿವಿ ಜಾಹೀರಾತು, ಡಿಬೇಟು, ಟ್ರಂಪ್ ಬಗ್ಗೆನೇ. ನನ್ನ ಕೆಲಸ ಅದ್ಯಾವ್ದೂ ಅಲ್ಲ, ಓಟರ್ ಲಿಸ್ಟು. ಯಾರ ಮನೆ ಬಾಗಿಲು ತಟ್ಟಬೇಕು, ಯಾರಿಗೆ ಫೋನ್ ಮಾಡಬೇಕು, ಯಾರನ್ನ ಬಿಟ್ಟುಬಿಡಬೇಕು ಅಂತ ದಿನಾ ಪಟ್ಟಿ ತೆಗೆದು ಕೊಡೋದು, ಶನಿವಾರ ಭಾನುವಾರ ಅದೇ ಪಟ್ಟಿ ಹಿಡ್ಕೊಂಡು ನಾನೂ ಮನೆಮನೆಗೆ ಹೋಗೋದು. ಇದು 2018ರಲ್ಲಿ, ಮೊಂಟಾನಾ ರಾಜ್ಯದಲ್ಲಿ, ಸೆನೆಟರ್ ಜಾನ್ ಟೆಸ್ಟರ್ ಸೆನೆಟ್‌ಗೆ, ಅಂದ್ರೆ ಅಮೆರಿಕ ಸಂಸತ್ತಿನ ಮೇಲ್ಮನೆಗೆ, ಮೂರನೇ ಸಲಕ್ಕೆ ನಿಂತಿದ್ದಾಗ. ಆಗ ನಂಗೆ ಗ್ರೀನ್ ಕಾರ್ಡ್ ಇತ್ತು, ಸಿಟಿಜನ್ ಆಗಿರ್ಲಿಲ್ಲ, ಹಾಗಾಗಿ ಸಂಬಳಕ್ಕೆ ಕೆಲಸ ಮಾಡಬಹುದಿತ್ತು, ಓಟು ಹಾಕೋ ಹಾಗಿರ್ಲಿಲ್ಲ.

ಮೊಂಟಾನಾ ಎಂಥಾ ಜಾಗ ಅಂತ ಮೊದ್ಲು ಹೇಳ್ಬಿಡ್ತೀನಿ, ಅದು ಗೊತ್ತಿಲ್ದೆ ಮುಂದಿನದ್ದು ಅರ್ಥ ಆಗಲ್ಲ. ವಿಸ್ತೀರ್ಣ ಕರ್ನಾಟಕದ ಎರಡರಷ್ಟು, ಸುಮಾರು 3,80,000 ಚದರ ಕಿಲೋಮೀಟರ್, ಜನಸಂಖ್ಯೆ ಮಾತ್ರ ಹತ್ತು ಹನ್ನೊಂದು ಲಕ್ಷ. 56 ಕೌಂಟಿಗಳು, ಅಂದ್ರೆ ನಮ್ಮ ಜಿಲ್ಲೆಗಳ ಥರ. ಗೋಧಿ, ಬಾರ್ಲಿ, ದನ, ಅಲ್ಲೊಂದು ಇಲ್ಲೊಂದು ಸಣ್ಣ ಪಟ್ಟಣ. 2016ರಲ್ಲಿ ಟ್ರಂಪ್ ಅಲ್ಲಿ 20 ಪರ್ಸೆಂಟ್ ಅಂತರದಲ್ಲಿ ಗೆದ್ದಿದ್ರು. ಟೆಸ್ಟರ್ ಡೆಮಾಕ್ರಟ್. ಅಂದ್ರೆ ಟ್ರಂಪ್‌ಗೆ ಓಟು ಹಾಕಿದವರಲ್ಲೇ ಒಂದಷ್ಟು ಜನ ಇವರಿಗೂ ಹಾಕ್ಲೇಬೇಕು, ಬೇರೆ ದಾರಿನೇ ಇಲ್ಲ. ಮೊಂಟಾನಾದಲ್ಲಿ ಅದೇನು ಹೊಸ ವಿಷಯ ಅಲ್ಲ, ಟ್ರಂಪ್ ಅಷ್ಟು ದೊಡ್ಡದಾಗಿ ಗೆದ್ದ ದಿನವೇ ಅದೇ ಜನ ಡೆಮಾಕ್ರಟ್ ಸ್ಟೀವ್ ಬುಲಕ್ ಅವರನ್ನ ಮತ್ತೆ ಗವರ್ನರ್ ಮಾಡಿದ್ರು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನಂಗೆ ಕೆಲಸ ಕಲಿಸಿದ ಸೀನಿಯರ್ ಒಬ್ರು ಬೋರ್ಡ್ ಮೇಲೆ ಬರೆದಿದ್ದ ಲೆಕ್ಕ ಇವತ್ತಿಗೂ ನೆನಪಿದೆ. 2006ರಲ್ಲಿ ಟೆಸ್ಟರ್ ಮೊದಲನೇ ಸಲ ಗೆದ್ದಿದ್ದು 3,562 ಓಟಿನಿಂದ. ಅದನ್ನ 56 ಕೌಂಟಿಗೆ ಹಂಚಿದ್ರೆ ಕೌಂಟಿಗೆ 64 ಓಟು ಬರುತ್ತೆ. ಅಂದ್ರೆ ಕೌಂಟಿಗೆ 32 ಜನ ಈ ಕಡೆಯಿಂದ ಆ ಕಡೆಗೆ ಹೋಗಿದ್ರೆ ಅವರು ಸೆನೆಟ್‌ಗೆ ಹೋಗ್ತಾನೇ ಇರ್ಲಿಲ್ಲ. ಅಷ್ಟು ಹೇಳಿ ಅವರು, ಈಗ ಹೇಳಿ, ಯಾವ ಕೌಂಟಿನ ಬಿಡ್ತೀರಾ ಅಂತ ಕೇಳಿದ್ರು.

ನಾನು ಅದಕ್ಕೆ ಮುಂಚೆ ಸಿಟಿ ಇರೋ ರಾಜ್ಯದಲ್ಲಿ ವಾಲಂಟಿಯರ್ ಮಾಡಿದ್ದೆ. ಅಲ್ಲಿ ಲೆಕ್ಕ ಬೇರೆ, ನಮ್ಮ ಪರ ಇರೋ ಏರಿಯಾಗೆ ಹೋಗಿ ಎಲ್ರನ್ನೂ ಹೊರಡಿಸಿದ್ರೆ ಕೆಲಸ ಆಯ್ತು. ಮೊಂಟಾನಾದಲ್ಲೂ ಅಂಥಾ ಊರುಗಳಿವೆ, ಮಿಸೌಲಾ, ಯೂನಿವರ್ಸಿಟಿ ಇರೋ ಬೋಜ್‌ಮನ್, ರಾಜಧಾನಿ ಹೆಲೆನಾ, ಗಣಿ ಕಾರ್ಮಿಕರ ಯೂನಿಯನ್ ಕಾಲದಿಂದ ಡೆಮಾಕ್ರಟ್ ಆಗಿರೋ ಬ್ಯೂಟ್. ಆದ್ರೆ ಅವಷ್ಟನ್ನೇ ನೆಚ್ಚಿಕೊಂಡ್ರೆ ಸೋಲೋದು ಗ್ಯಾರಂಟಿ. ಮಿಕ್ಕ ಕಡೆ ಗೆಲ್ಲಲ್ಲ, ಅದು ಎಲ್ರಿಗೂ ಗೊತ್ತು, ಆದ್ರೆ ನೂರಕ್ಕೆ ಹನ್ನೆರಡು ಬರೋ ಕಡೆ ಇಪ್ಪತ್ತು ಬಂದ್ರೆ, ಮೂವತ್ತು ಬರೋ ಕಡೆ ಮೂವತ್ತೇಳು ಬಂದ್ರೆ, ಅದೆಲ್ಲ ಸೇರಿ ಮಿಸೌಲಾದ ಲೀಡು ಉಳಿಯುತ್ತೆ. ಇಲ್ಲಾಂದ್ರೆ ಆ ಲೀಡನ್ನ ಪೂರ್ವದ ಸಣ್ಣ ಸಣ್ಣ ಕೌಂಟಿಗಳು ಒಟ್ಟುಗೂಡಿ ತಿಂದುಹಾಕ್ತವೆ. ನನ್ನ ಕೆಲಸ ಏನು ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಇದೇ, ಸೋಲನ್ನ ಸಣ್ಣದು ಮಾಡೋ ಕೆಲಸ.

ಗಾರ್ಫೀಲ್ಡ್ ಅಂತ ಒಂದು ಕೌಂಟಿ ಇದೆ. ನಮ್ಮ ಬೆಳಗಾವಿ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು, ಆದ್ರೆ ಬೆಳಗಾವಿಯಲ್ಲಿ 47 ಲಕ್ಷಕ್ಕಿಂತ ಹೆಚ್ಚು ಜನ ಇದ್ರೆ ಇಲ್ಲಿರೋದು 1,200 ಜನ. ಹತ್ತರಲ್ಲಿ ಒಂಬತ್ತು ಓಟು ರಿಪಬ್ಲಿಕನ್ ಕಡೆಗೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಮಣ್ಣು ರಸ್ತೆಯಲ್ಲಿ ಅರ್ಧ ಗಂಟೆ ಕಾರು ಓಡಿಸ್ಬೇಕು, ಫೋನ್ ಸಿಗ್ನಲ್ ಇರಲ್ಲ, ಹಾಗಾಗಿ ಹೊರಡೋ ಮುಂಚೆನೇ ಮಿನಿವ್ಯಾನ್ ಅನ್ನೋ ಕ್ಯಾಂಪೇನ್ ಆ್ಯಪಲ್ಲಿ ಪಟ್ಟಿ ಇಳಿಸ್ಕೋಬೇಕು, ಪೆಟ್ರೋಲ್ ತುಂಬಿಸ್ಕೋಬೇಕು. ಊರಲ್ಲಿ ಒಂದು ಸಂಜೆಗೆ ನಲವತ್ತು ಬಾಗಿಲು ತಟ್ಟೋರು ಇಲ್ಲಿ ಒಂದು ದಿನಕ್ಕೆ ಆರೇಳು ಮನೆ ಮುಟ್ಟಿದ್ರೆ ಹೆಚ್ಚು. ಕಂಪ್ಯೂಟರ್ ಮುಂದೆ ಕೂತು ನೋಡಿದ್ರೆ ಇದು ದಂಡ ಅನ್ಸುತ್ತೆ. ಆದ್ರೆ ಆ ಮನೆಯವರು ಮುಂದಿನ ವಾರ ಚರ್ಚಲ್ಲಿ, ಧಾನ್ಯ ತುಂಬಿಡೋ ಗ್ರೇನ್ ಎಲಿವೇಟರ್ ಹತ್ರ, ದನದ ಹರಾಜಲ್ಲಿ, ಟೆಸ್ಟರ್ ಕಡೆಯವರು ನಮ್ಮನೆ ತನಕ ಬಂದಿದ್ರು ಅಂತ ಹೇಳ್ತಾರೆ, ಆ ಮಾತು ಎಷ್ಟು ಕಿವಿಗೆ ಬೀಳುತ್ತೆ ಅನ್ನೋದು ನನ್ನ ಶೀಟಲ್ಲಿ ಬರಲ್ಲ.

ಇನ್ನೊಂದು ತೊಡಕು ಏನಂದ್ರೆ ಮೊಂಟಾನಾದಲ್ಲಿ ಓಟರ್ ರಿಜಿಸ್ಟ್ರೇಷನ್ ಮಾಡ್ಸುವಾಗ ಪಾರ್ಟಿ ಹೆಸರು ಬರೆಸೋ ಪದ್ಧತಿನೇ ಇಲ್ಲ. ಬೇರೆ ಎಷ್ಟೋ ರಾಜ್ಯದಲ್ಲಿ ಪಟ್ಟಿ ತೆಗೆದ್ರೆ ಇವರು ಡೆಮಾಕ್ರಟ್, ಇವರು ರಿಪಬ್ಲಿಕನ್ ಅಂತ ಬರೆದೇ ಇರುತ್ತೆ. ಇಲ್ಲಿ ಹೆಸರು, ವಯಸ್ಸು, ವಿಳಾಸ, ಯಾವ್ಯಾವ ಎಲೆಕ್ಷನಲ್ಲಿ ಓಟು ಹಾಕಿದ್ದಾರೆ ಅನ್ನೋದಷ್ಟೇ. ಮಿಕ್ಕಿದ್ದನ್ನ ಸ್ಕೋರ್ ಮಾಡೋ ಕಂಪ್ಯೂಟರ್ ಮಾಡೆಲ್‌ಗಳು ಊಹೆ ಮಾಡ್ತವೆ, ಇವರು ನಮ್ಮ ಕಡೆ ಓಟು ಹಾಕೋ ಸಾಧ್ಯತೆ ಎಷ್ಟು ಅಂತ ಸೊನ್ನೆಯಿಂದ ನೂರರ ತನಕ ಒಂದು ನಂಬರ್. ಹಳ್ಳಿ ಕಡೆ ಆ ನಂಬರ್ ಬಹಳ ಸಲ ಕೈಕೊಡುತ್ತೆ, ಯಾಕಂದ್ರೆ ಅರವತ್ತು ವರ್ಷದ ಗೋಧಿ ರೈತ ಅಂದ್ರೆ ಮಾಡೆಲ್‌ಗೆ ಎಲ್ರೂ ಒಂದೇ. ಅವರಲ್ಲಿ ಯಾರು ಟೆಸ್ಟರ್ ಜೊತೆ ಸ್ಕೂಲ್ ಬೋರ್ಡಲ್ಲಿ ಕೂತಿದ್ರು, ಯಾರ ಮಗ ಇರಾಕಿಂದ ಬಂದು ಮಾಜಿ ಸೈನಿಕರ ವಿಎ ಆಸ್ಪತ್ರೆಗೆ ಅಲೀತಿದ್ದಾನೆ ಅನ್ನೋದು ಬಾಗಿಲಲ್ಲಿ ನಿಂತು ಮಾತಾಡಿದ್ರೆ ಮಾತ್ರ ಗೊತ್ತಾಗೋದು. ಹಾಗಾಗಿ ಬಾಗಿಲಿಗೆ ಹೋದವರು ಬರೆದು ತಂದ ಒಂದೊಂದು ಸಾಲು ನೋಟ್ಸೂ ನಂಗೆ ಆ ಸ್ಕೋರಿಗಿಂತ ಮುಖ್ಯ ಆಗಿತ್ತು, ನೋಟ್ಸ್ ಬರೀದೆ ಬರೀ ಟಿಕ್ ಹಾಕ್ಕೊಂಡು ಬಂದವರಿಗೆ ಮತ್ತೆ ಹೇಳಿ ಬರೆಸ್ತಿದ್ದೆ.

ನಂದು ಚಿತ್ರದುರ್ಗದ ಕಡೆ ಮಳೆ ನೆಚ್ಚಿದ ಊರು, ಶೇಂಗಾ ಬೆಳೆಯೋ ಮನೆ. ನನ್ನ ಮುಖ ನೋಡಿ ಇಂಡಿಯಾದವರಾ ಅಂತ ಕೇಳ್ತಿದ್ರು, ಹೌದು ಅಂದ್ರೆ ಮುಂದಿನ ಮಾತು ಬೇಳೆ! ಇದು ನಾನು ಕನಸಲ್ಲೂ ಎಣಿಸಿರ್ಲಿಲ್ಲ. ಅಮೆರಿಕದಲ್ಲಿ ಚನ್ನಂಗಿ (ಮಸೂರ) ಬೇಳೆ, ಒಣ ಬಟಾಣಿ ಬೆಳೆಯೋದ್ರಲ್ಲಿ ಮೊಂಟಾನಾ ಮುಂದಿರೋ ರಾಜ್ಯ, ಟೆಸ್ಟರ್ ಅವರೂ ಬಿಗ್ ಸ್ಯಾಂಡಿ ಹತ್ರ ಇರೋ ಅಜ್ಜನ ಕಾಲದ ಜಮೀನಲ್ಲಿ ಸಾವಯವ ರೀತಿ ಬೆಳೀತಾರೆ. 2017ರ ನವೆಂಬರಲ್ಲಿ ಭಾರತ ಬಟಾಣಿ ಮೇಲೆ 50 ಪರ್ಸೆಂಟ್ ಆಮದು ಸುಂಕ ಹಾಕ್ತು, ಡಿಸೆಂಬರಲ್ಲಿ ಮಸೂರ, ಕಡಲೆ ಮೇಲೆ 30 ಪರ್ಸೆಂಟ್. ನಮ್ಮ ರೈತರಿಗೆ ಬೆಲೆ ಬಿದ್ದುಹೋಗಿತ್ತು, ಅವರನ್ನ ಕಾಪಾಡೋಕೆ ಅಂತ ಹಾಕಿದ ಸುಂಕ ಅದು. ಅದರ ಪೆಟ್ಟು ಬಿದ್ದಿದ್ದು ಈ ಕಡೆಯ ರೈತರಿಗೆ, ಕಣಜ ತುಂಬಾ ಬೇಳೆ ಇಟ್ಕೊಂಡು ಕೊಳ್ಳೋರಿಲ್ದೆ ಕೂತಿದ್ರು. ನಂಗೆ ಎರಡೂ ಕಡೆಯ ಸಂಕಟ ಗೊತ್ತಿತ್ತು, ಬೆಳೆಗೆ ರೇಟು ಬೀಳೋದು ಅಂದ್ರೆ ಏನು ಅಂತ ಅಪ್ಪನ ಮುಖ ನೋಡಿ ಬೆಳೆದವನು ನಾನು. ಹಾಗಾಗಿ ಓಟಿನ ಮಾತು ಬಿಟ್ಟು ಅದನ್ನೇ ಮಾತಾಡ್ತಿದ್ದೆ, ನಮ್ಮ ಕಡೆ ಎಕರೆಗೆ ಎಷ್ಟು ಬರುತ್ತೆ, ಸಾಲ ಎಲ್ಲಿ ತಗೋತಾರೆ, ಮಳೆ ಕೈಕೊಟ್ರೆ ಏನ್ಮಾಡ್ತಾರೆ. ಅರ್ಧ ಗಂಟೆ ಆದ್ಮೇಲೆ ಅವರೇ, ಸರಿ, ಜಾನ್ ಬಗ್ಗೆ ಏನೋ ಹೇಳೋಕೆ ಬಂದಿದ್ರಲ್ಲ ಹೇಳಿ ಅಂತಿದ್ರು. ಎಲ್ರೂ ಓಟು ಹಾಕಿದ್ರು ಅಂತಲ್ಲ. ಆದ್ರೆ ಒಬ್ರೂ ಬಾಗಿಲು ಮುಖಕ್ಕೆ ಹಾಕ್ಲಿಲ್ಲ.

ಮಾಜಿ ಸೈನಿಕರ ವಿಷಯದಲ್ಲಿ ಒಂದು ಎಚ್ಚರಿಕೆ ಕಲಿತೆ, ಈ ಕೆಲಸಕ್ಕೆ ಬರೋರಿಗೆ ಅದನ್ನ ಒತ್ತಿ ಹೇಳ್ತೀನಿ. ಟೆಸ್ಟರ್ ಆಗ ಸೆನೆಟ್‌ನ ವೆಟರನ್ಸ್ ಕಮಿಟಿಯಲ್ಲಿ ಡೆಮಾಕ್ರಟ್‌ಗಳ ಮುಖ್ಯಸ್ಥರು. ಬಾಗಿಲು ತಟ್ಟಿದ್ರೆ ಸಾಕು, ಪೆನ್ಷನ್ ಫೈಲ್ ನಿಂತಿದೆ, ಡಾಕ್ಟರ್ ಅಪಾಯಿಂಟ್‌ಮೆಂಟ್‌ಗೆ ನೂರಾರು ಮೈಲಿ ಹೋಗ್ಬೇಕು ಅಂತ ಜನ ಹೇಳ್ಕೊಳ್ತಿದ್ರು. ಸೆನೆಟರ್ ಆಫೀಸಲ್ಲಿ ಇಂಥಾ ಕೆಲಸ ಮಾಡಿಕೊಡೋಕೆ ಅಂತಲೇ ಸರ್ಕಾರಿ ಸಿಬ್ಬಂದಿ ಇರ್ತಾರೆ, ಆದ್ರೆ ಅದು ಬೇರೆ, ಕ್ಯಾಂಪೇನ್ ಬೇರೆ, ಎರಡನ್ನೂ ಬೆರೆಸೋದು ಕಾನೂನಿಗೆ ವಿರುದ್ಧ. ನಿಮ್ಮ ಕೆಲಸ ಮಾಡಿಸಿಕೊಡ್ತೀವಿ ಓಟು ಹಾಕಿ ಅನ್ನೋ ಧಾಟಿ ಮಾತಲ್ಲಿ ಎಲ್ಲೂ ಸುಳಿಯಬಾರದು. ನಾವು ಮಾಡ್ತಿದ್ದಿದ್ದು ಇಷ್ಟೇ, ಸೆನೆಟ್ ಆಫೀಸಿನ ನಂಬರ್ ಇರೋ ಚೀಟಿ ಕೊಟ್ಟು, ಅಲ್ಲಿಗೆ ಫೋನ್ ಮಾಡಿ, ನೀವು ಯಾರಿಗೆ ಓಟು ಹಾಕ್ತೀರಾ ಅಂತ ಅಲ್ಲಿ ಯಾರೂ ಕೇಳಲ್ಲ ಅಂತ ಹೇಳಿ ಹೊರಡೋದು. ಅಂಥಾ ಮನೆಯಲ್ಲಿ ಓಟು ಕೇಳೋಕೆ ಹೋಗ್ಬಾರ್ದು ಅನ್ನೋದು ನನ್ನ ಸ್ವಂತ ನಿಯಮ.

ಕೊನೇ ತಿಂಗಳು ಕೆಲಸದ ರೂಪವೇ ಬೇರೆ. ಮೊಂಟಾನಾದಲ್ಲಿ ಬಹುಪಾಲು ಜನ ಓಟು ಹಾಕೋದು ಅಂಚೆಯಲ್ಲಿ. ಬ್ಯಾಲೆಟ್ ಸುಮಾರು ಮೂರೂವರೆ ವಾರ ಮೊದಲೇ ಮನೆಗೆ ಬರುತ್ತೆ, ಎಲೆಕ್ಷನ್ ದಿನ ರಾತ್ರಿ 8 ಗಂಟೆ ಒಳಗೆ ಕೌಂಟಿ ಆಫೀಸ್ ತಲುಪಿರ್ಬೇಕು, ಪೋಸ್ಟ್ ಮುದ್ರೆ ಬಿದ್ದಿದ್ರೆ ಸಾಲಲ್ಲ. ಯಾರ ಬ್ಯಾಲೆಟ್ ವಾಪಸ್ ಬಂತು ಅನ್ನೋ ಪಟ್ಟಿ ದಿನಾ ಸಿಗುತ್ತೆ, ಯಾರಿಗೆ ಹಾಕಿದ್ರು ಅನ್ನೋದಲ್ಲ, ಬಂತೋ ಇಲ್ವೋ ಅನ್ನೋದಷ್ಟೇ. ರಾತ್ರಿ ಕೂತು ಬಂದವರ ಹೆಸರು ತೆಗೆದು ಬರದೇ ಇರೋರ ಪಟ್ಟಿ ಬೆಳಗ್ಗೆಗೆ ಕೊಡ್ಬೇಕು, ಓಟು ಹಾಕಿದವರಿಗೆ ಮತ್ತೆ ಫೋನ್ ಹೋದ್ರೆ ಬೈಸ್ಕೊಳ್ಳೋದು ಪಾಪ ವಾಲಂಟಿಯರ್. ಲಕೋಟೆ ಮೇಲೆ ಸಹಿ ಮರೆತಿದ್ರೆ, ಸಹಿ ಹೊಂದದೇ ಇದ್ರೆ ಆ ಓಟು ಎಣಿಸಲ್ಲ, ಸರಿ ಮಾಡ್ಕೊಳ್ಳೋಕೆ ಎಲೆಕ್ಷನ್ ಮಾರನೇ ದಿನ ಸಂಜೆ 5ರ ತನಕ ಟೈಮ್ ಇರುತ್ತೆ. ವಯಸ್ಸಾದವರಿಗೆ ಕೈ ನಡುಗಿ ಸಹಿ ಬದಲಾಗಿರುತ್ತೆ. ಅವರನ್ನ ಹುಡುಕಿ, ನಿಮ್ಮ ಓಟು ನಿಂತುಬಿಟ್ಟಿದೆ, ಕೌಂಟಿ ಆಫೀಸಿಗೆ ಹೋಗಿ ಅಂತ ಹೇಳೋದು ನನ್ನ ಪ್ರಕಾರ ಇಡೀ ಕ್ಯಾಂಪೇನಿನಲ್ಲಿ ಅತ್ಯಂತ ಗೌರವದ ಕೆಲಸ.

ರಿಸರ್ವೇಷನ್‌ಗಳಲ್ಲಿ, ಅಂದ್ರೆ ಮೂಲನಿವಾಸಿ ಬುಡಕಟ್ಟುಗಳ ಪ್ರದೇಶಗಳಲ್ಲಿ, ಇದು ಇನ್ನೂ ಕಷ್ಟ. ಬ್ಲ್ಯಾಕ್‌ಫೀಟ್, ಕ್ರೋ, ಫೋರ್ಟ್ ಪೆಕ್ ಹೀಗೆ ಏಳಿವೆ. ಎಷ್ಟೋ ಮನೆಗೆ ಅಂಚೆಯವರು ಬರಲ್ಲ, ಊರ ಪೋಸ್ಟಾಫೀಸಲ್ಲಿ ಒಂದು ಬಾಕ್ಸನ್ನ ಎರಡು ಮೂರು ಕುಟುಂಬ ಹಂಚ್ಕೊಂಡಿರ್ತಾರೆ, ಕೌಂಟಿ ಆಫೀಸ್ ದೂರ, ಕಾರು ಇರಲ್ಲ. ಅಲ್ಲಿನ ಕೆಲವು ಮತದಾರರು 2012ರಲ್ಲಿ ಕೋರ್ಟಿಗೆ ಹೋಗಿ, 2014ರಲ್ಲಿ ರಾಜಿಯಾಗಿ, ಮೂರು ಕೌಂಟಿಗಳಲ್ಲಿ ರಿಸರ್ವೇಷನ್ ಒಳಗೇ ಓಟಿಂಗ್ ಆಫೀಸ್ ತೆರೆಯೋ ಹಾಗೆ ಮಾಡ್ಕೊಂಡ್ರು. ಅಲ್ಲಿ ಹೊರಗಿನಿಂದ ಹೋದ ನಮ್ಮಂಥವರು ಬಾಗಿಲು ತಟ್ಟೋದಕ್ಕಿಂತ ಆ ಊರಿನವರನ್ನೇ ಸಂಬಳ ಕೊಟ್ಟು ಕೆಲಸಕ್ಕೆ ತಗೊಂಡು, ಅವರು ಕೇಳಿದ ಪಟ್ಟಿ, ವ್ಯಾನು, ಪೆಟ್ರೋಲ್ ದುಡ್ಡು ಹೊತ್ತಿಗೆ ಸರಿಯಾಗಿ ಕೊಟ್ಟು ಪಕ್ಕಕ್ಕೆ ನಿಲ್ಲೋದೇ ಸರಿ. ಯಾರ ಅಜ್ಜಿ ಯಾವ ಮನೆಯಲ್ಲಿದ್ದಾರೆ ಅನ್ನೋದು ಅವರಿಗೆ ಗೊತ್ತು, ನನ್ನ ಪಟ್ಟಿಗೆ ಗೊತ್ತಿಲ್ಲ.

ಇದರ ಮಧ್ಯೆ ಟ್ರಂಪ್ ಆ ವರ್ಷ ಟೆಸ್ಟರ್ ವಿರುದ್ಧ ನಾಲ್ಕು ಸಲ ಮೊಂಟಾನಾಗೆ ಬಂದ್ರು, ಗ್ರೇಟ್ ಫಾಲ್ಸ್, ಬಿಲ್ಲಿಂಗ್ಸ್, ಮಿಸೌಲಾ, ಕೊನೆಗೆ ಬೆಲ್‌ಗ್ರೇಡ್. ಮೊದಲನೇ ಸಲ ಬರುವಾಗ ಟೆಸ್ಟರ್ ಕಡೆಯಿಂದ ಪೇಪರ್‌ಗಳಲ್ಲಿ ಪೂರ್ತಿ ಪುಟದ ಜಾಹೀರಾತು, ಸ್ವಾಗತ, ನಾನು ತಂದ 16 ಮಸೂದೆಗೆ ಸಹಿ ಹಾಕಿದ್ದಕ್ಕೆ ಧನ್ಯವಾದ ಅಂತ. ಅದೇ ಟೆಸ್ಟರ್ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟಿಗೆ ಟ್ರಂಪ್ ಆರಿಸಿದ್ದ ಬ್ರೆಟ್ ಕ್ಯಾವನಾ ನೇಮಕದ ವಿರುದ್ಧ ಓಟು ಹಾಕಿದ್ರು. ಆಮೇಲೆ ಬಾಗಿಲಿಗೆ ಹೋದಾಗ ಜನ ಸಿಟ್ಟು ಮಾಡ್ಕೊಂಡಿದ್ರು, ಆದ್ರೆ ಆಗಲೇ ಒಂದು ಸಲ ಮಾತಾಡಿಸಿದ್ದ ಮನೆಗಳಲ್ಲಿ ಸಿಟ್ಟು ಮಾತಾಗಿ ಬರ್ತಿತ್ತು, ಮೊದಲನೇ ಸಲ ಹೋದ ಮನೆಗಳಲ್ಲಿ ಬಾಗಿಲೇ ತೆಗೀತಿರ್ಲಿಲ್ಲ. ಬೇಸಿಗೆಯಲ್ಲೇ ಯಾಕೆ ಹೋಗಿರ್ಬೇಕು ಅನ್ನೋದು ನಂಗೆ ಅವತ್ತು ಪೂರ್ತಿ ಅರ್ಥ ಆಯ್ತು. ಪಕ್ಕದ ನಾರ್ತ್ ಡಕೋಟಾದಲ್ಲಿ ಡೆಮಾಕ್ರಟ್ ಸೆನೆಟರ್ ಹೈಡಿ ಹೈಟ್‌ಕ್ಯಾಂಪ್ ಅದೇ ರೀತಿ ಓಟು ಹಾಕಿ ಸೋತ್ರು. ಟೆಸ್ಟರ್ 2,53,876 ಓಟು ತಗೊಂಡು ರಿಪಬ್ಲಿಕನ್ ಮ್ಯಾಟ್ ರೋಸೆಂಡೇಲ್ ಮೇಲೆ ಸುಮಾರು 18 ಸಾವಿರದಿಂದ ಗೆದ್ರು, ಅದೂ ಮಾರನೇ ದಿನದ ತನಕ ಕಾದ್ಮೇಲೆ.

2024ರಲ್ಲಿ ನಾನು ಆ ಕೆಲಸದಲ್ಲಿ ಇರ್ಲಿಲ್ಲ, ರಿಸಲ್ಟ್ ಶೀಟ್ ಇಳಿಸ್ಕೊಂಡು ಕೌಂಟಿ ಕೌಂಟಿ ನೋಡಿದೆ. ಟೆಸ್ಟರ್ ರಿಪಬ್ಲಿಕನ್ ಟಿಮ್ ಶೀಹಿ ಎದುರು ಸೋತ್ರು, ಶೇಕಡಾ 45.5ಕ್ಕೆ 52.6. ಆದ್ರೆ ಅವರಿಗೆ ಬಿದ್ದ ಓಟು 2,76,305, ಗೆದ್ದ ವರ್ಷಕ್ಕಿಂತ 22 ಸಾವಿರ ಜಾಸ್ತಿ! ಅದೇ ಬ್ಯಾಲೆಟಲ್ಲಿ ಕಮಲಾ ಹ್ಯಾರಿಸ್‌ಗಿಂತ ಸುಮಾರು 44 ಸಾವಿರ ಜಾಸ್ತಿ. ಅಧ್ಯಕ್ಷರ ಚುನಾವಣೆ ವರ್ಷ ಆದ್ದರಿಂದ ಒಟ್ಟು ಓಟು ಒಂದು ಲಕ್ಷದಷ್ಟು ಏರಿತ್ತು, ಕೋವಿಡ್ ಆದ್ಮೇಲೆ ಹೊರಗಿಂದ ಬಂದು ನೆಲೆಸಿದವರೂ ಬಹಳ, ಅವರಿಗೆ ಟೆಸ್ಟರ್ ಅಂದ್ರೆ ಟಿವಿಯಲ್ಲಿ ಬರೋ ಇನ್ನೊಬ್ಬ ಡೆಮಾಕ್ರಟ್ ಅಷ್ಟೇ. ಎರಡೂ ಕಡೆ ಸೇರಿ 25 ಕೋಟಿ ಡಾಲರಿಗಿಂತ ಹೆಚ್ಚು ಸುರಿದ ಎಲೆಕ್ಷನ್ ಅದು, ಓಟಿರೋ ಜನ ಏಳೆಂಟು ಲಕ್ಷ. ಅಷ್ಟು ಜಾಹೀರಾತು ಬಿದ್ದಾಗ ಮನೆ ಬಾಗಿಲಿನ ಮಾತು ಕೇಳ್ಸೋದು ಕಷ್ಟ ಅಂತ ನಂಗೆ ಅನ್ಸುತ್ತೆ. ಆದ್ರೂ ಆ 44 ಸಾವಿರ ಜನ ಮೇಲಿನ ಸಾಲಲ್ಲಿ ಒಂದು ಪಾರ್ಟಿ, ಕೆಳಗಿನ ಸಾಲಲ್ಲಿ ಇನ್ನೊಂದು ಪಾರ್ಟಿ ಗುರುತು ಮಾಡಿದ್ದು ಟಿವಿ ನೋಡಿ ಅಂತ ನಾನು ನಂಬಲ್ಲ.

ಇಂಥಾ ಕೆಲಸಕ್ಕೆ ಹೋಗ್ಬೇಕು ಅನ್ನೋ ಕನ್ನಡದ ಹುಡುಗ ಹುಡುಗೀರು ಮೆಸೇಜ್ ಮಾಡ್ತಿರ್ತೀರಾ, ಅದಕ್ಕೆ ಇಲ್ಲೇ ಹೇಳ್ತೀನಿ. ಗ್ರೀನ್ ಕಾರ್ಡ್ ಇದ್ರೆ ಸಂಬಳಕ್ಕೆ ಸೇರಬಹುದು, ದೇಣಿಗೆನೂ ಕೊಡಬಹುದು. ವೀಸಾದಲ್ಲಿ ಇದ್ರೆ ದೇಣಿಗೆ ಕೊಡೋ ಹಾಗೇ ಇಲ್ಲ, ಸಂಬಳ ಇಲ್ಲದ ವಾಲಂಟಿಯರ್ ಕೆಲಸ ಮಾಡಬಹುದು, ಅದಕ್ಕೂ ಮುಂಚೆ ಇಮಿಗ್ರೇಷನ್ ವಕೀಲರನ್ನ ಕೇಳ್ಕೊಳ್ಳಿ. ಇಂಟರ್‌ವ್ಯೂನಲ್ಲಿ ನೀವೂ ಒಂದು ಪ್ರಶ್ನೆ ಕೇಳಿ, ಸೋಲೋ ಕೌಂಟಿಗಳಿಗೆ ಮನೆಮನೆ ಕೆಲಸ ನಡೆಸೋ ಆರ್ಗನೈಜರ್‌ನ ಎಷ್ಟು ಜನ ಹಾಕಿದ್ದೀರಾ, ಯಾವ ತಿಂಗಳಿಂದ ಅಂತ. ನವೆಂಬರ್ ಎಲೆಕ್ಷನ್‌ಗೆ ಸೆಪ್ಟೆಂಬರ್ ಅಂತ ಉತ್ತರ ಬಂದ್ರೆ ನಾನಾಗಿದ್ರೆ ಬೇರೆ ಕ್ಯಾಂಪೇನ್ ನೋಡ್ಕೋತೀನಿ.