ಹೆಸರಿಲ್ಲದ ಗುಂಡಿಗಳು

ಕಣ್ಣಿಲ್ಲದ ಹಾರ್ಮೋನಿಯಂ ಮಾಸ್ತರರ ಫೋನು ಮಾತಾಡುವುದನ್ನು ಮೊದಲ ಸಲ ಕೇಳಿದಾಗ ಅದು ಯಾವ ಭಾಷೆ ಅಂತಲೇ ನನಗೆ ತಿಳಿಯಲಿಲ್ಲ. ಕನ್ನಡವೇ ಆಗಿತ್ತು. ಆದರೆ ವೇಗವನ್ನು ಎಷ್ಟು ಏರಿಸಿಟ್ಟಿದ್ದರೆಂದರೆ ನನ್ನ ಕಿವಿಗೆ ಕಾದ ಎಣ್ಣೆಯಲ್ಲಿ ಸಾಸಿವಿ ಸಿಡಿದ ಹಾಗೆ ಕೇಳಿಸಿತು. ಅವರು ಮಾತ್ರ ನನ್ನ ಅಂಗಡಿಯ ಸ್ಟೂಲಿನ ಮೇಲೆ ಕೂತು, ಫೋನನ್ನು ಕಿವಿಯ ಹತ್ತಿರ ಹಿಡಿದು, ಬೆರಳನ್ನು ಬಲಕ್ಕೆ ಬಲಕ್ಕೆ ಸರಿಸುತ್ತ, ತಬಲಾದ ಠೇಕಾ ಕೇಳುವವರಂತೆ ತಲೆಯಾಡಿಸುತ್ತಿದ್ದರು. ಒಂದು ಕಡೆ ಬೆರಳು ನಿಂತಿತು.

"ತಮ್ಮಾ, ಈ ಗುಂಡಿಗೆ ಹೆಸರಽ ಇಲ್ಲ. ಹೆಸರಿಲ್ಲದವರನ್ನ ನಾ ಹೆಂಗ ಕರೀಲಿ?"

ಗದಗಿನ ಮುಳಗುಂದ ನಾಕಾದ ಹತ್ತಿರ ನನ್ನದೊಂದು ಸಣ್ಣ ಮೊಬೈಲ್ ಅಂಗಡಿ. ರಿಚಾರ್ಜು, ಕವರು, ಗ್ಲಾಸು, ಒಡೆದ ಡಿಸ್‌ಪ್ಲೇ ಬದಲಿಸುವುದು, ಅಷ್ಟೇ. ಫೋನಿನ ಹುಚ್ಚು ಮಾತ್ರ ಅಂಗಡಿಗಿಂತ ಹಳೆಯದು. ಹೊಸ ಆಂಡ್ರಾಯ್ಡ್ ಬಂತೆಂದರೆ ಆ ರಾತ್ರಿ ನಿದ್ದೆಯಿಲ್ಲ. ಏನೇನು ಬದಲಾಗಿದೆ ಅನ್ನುವ ಪಟ್ಟಿಯನ್ನು ಕಡೇ ಸಾಲಿನವರೆಗೆ ಓದುತ್ತೇನೆ. ಹಳೇ ಫೋನುಗಳಿಗೆ ಕಸ್ಟಮ್ ರೋಮ್, ಅಂದರೆ ಬೇರೆಯವರು ತಿದ್ದಿ ಮಾಡಿದ ಆಂಡ್ರಾಯ್ಡ್, ಹಾಕಿ ಮತ್ತೆರಡು ವರ್ಷ ಓಡಿಸಿದ್ದೇನೆ. ಇಷ್ಟೆಲ್ಲ ಮಾಡಿದವನು ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿ ಅನ್ನುವ, ಕಣ್ಣು ಕಿವಿ ಸಾಲದವರಿಗೆ ನೆರವಾಗುವ ಭಾಗವನ್ನು ಒಂದು ದಿನವೂ ಸರಿಯಾಗಿ ತೆರೆದು ನೋಡಿರಲಿಲ್ಲ. ಮಾಸ್ತರರು ಬಂದಮೇಲೆ ನೋಡಿದೆ.

ನಮ್ಮೂರಿನಲ್ಲಿ ಬಿಳಿ ಕೋಲು ಹಿಡಿದು ನಡೆಯುವವರು ಹೊಸಬರಲ್ಲ. ವೀರೇಶ್ವರ ಪುಣ್ಯಾಶ್ರಮದ ಊರು ಇದು. ಪಂಚಾಕ್ಷರಿ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು, ತಾವು ಕಣ್ಣಿಲ್ಲದವರಾಗಿದ್ದು ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ಅನ್ನದ ದಾರಿ ತೋರಿಸಿದವರು. 2010ರ ಸೆಪ್ಟೆಂಬರಿನಲ್ಲಿ ಪುಟ್ಟರಾಜರು ಲಿಂಗೈಕ್ಯರಾದಾಗ ಈ ಊರಲ್ಲಿ ಸೇರಿದ ಜನಸಾಗರವನ್ನು ನಾನು ಮರೆತಿಲ್ಲ. ನನ್ನ ಮಾಸ್ತರರೂ ಅಲ್ಲೇ ಕಲಿತವರು. ಈಗ ಬೆಟಗೇರಿಯಲ್ಲಿ ಮನೆಮನೆಗೆ ಹೋಗಿ ಹಾರ್ಮೋನಿಯಂ ಹೇಳಿಕೊಡುತ್ತಾರೆ.

ಅವರ ಫೋನಿನಲ್ಲಿ ಓಡುವುದು ಟಾಕ್‌ಬ್ಯಾಕ್, ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ. 2009ರಿಂದಲೂ ಆಂಡ್ರಾಯ್ಡ್ ಜೊತೆಗಿದೆ. ಬೆರಳನ್ನು ಬಲಕ್ಕೆ ಸರಿಸಿದರೆ ಪರದೆಯ ಮೇಲಿನ ಮುಂದಿನ ವಸ್ತುವಿನ ಹೆಸರು ಹೇಳುತ್ತದೆ, ಎಡಕ್ಕೆ ಸರಿಸಿದರೆ ಹಿಂದಿನದು. ಬೇಕಾದದ್ದು ಬಂದಾಗ ಎಲ್ಲಿಯಾದರೂ ಎರಡು ಸಲ ತಟ್ಟಿದರೆ ಸಾಕು. ನಾವು ಕಣ್ಣಿಂದ ಒಂದೇ ಸಲಕ್ಕೆ ಇಡೀ ಪರದೆ ನುಂಗುತ್ತೇವೆ. ಅವರು ಮಣಿ ಎಣಿಸಿದಂತೆ ಒಂದೊಂದೇ ದಾಟಿ ಹೋಗಬೇಕು. ಅದಕ್ಕೇ ಅಷ್ಟು ವೇಗ. "ಆಕೀ ದನಿ ಕಾಳಿ ಒಂದರ ಹತ್ರ ಐತಿ," ಅಂದರು ಒಮ್ಮೆ, ಫೋನಿನ ದನಿ ಹಾರ್ಮೋನಿಯಂನ ಮೊದಲ ಕಪ್ಪು ಮನೆಯ ಶ್ರುತಿಗೆ ಹತ್ತಿರ ಅಂತ. "ಉಸಿರು ಎಲ್ಲಿ ತಗೋಬೇಕು ಅನ್ನೂದು ಮಾತ್ರ ಗೊತ್ತಿಲ್ಲ." ದನಿಯ ಶ್ರುತಿಯನ್ನೂ ಸೆಟ್ಟಿಂಗ್ಸ್‌ನಲ್ಲಿ ಬದಲಿಸಬಹುದು ಅಂತ ತೋರಿಸಿದೆ. ಒಂದಿಷ್ಟು ಇಳಿಸಿಕೊಂಡರು.

ಇನ್ನು ಆ ಹೆಸರಿಲ್ಲದ ಗುಂಡಿ. ಆಪ್ ಮಾಡುವವರು ಗುಂಡಿಯ ಮೇಲೆ ಅಕ್ಷರದ ಬದಲು ಚಿತ್ರ ಇಟ್ಟಾಗ, ಅದರ ಹಿಂದೆ 'ಇದು ಏನು' ಅಂತ ಒಂದು ಸಾಲು ಬರೆಯಬೇಕು. ಕಂಟೆಂಟ್ ಡಿಸ್ಕ್ರಿಪ್ಷನ್ ಅಂತಾರೆ. ನೋಡುವವರಿಗೆ ಅದು ಕಾಣುವುದೇ ಇಲ್ಲ, ಕೇಳುವವರಿಗೆ ಅದೇ ಎಲ್ಲಾ. ಮಾಸ್ತರರು ಬಳಸುತ್ತಿದ್ದ ಹಣ ಕಳಿಸುವ ಆಪ್‌ನಲ್ಲಿ ಮೊದಲು 'ಹಣ ಕಳಿಸಿ', 'ಬಾಕಿ ನೋಡಿ' ಅಂತ ಅಕ್ಷರಗಳಿದ್ದವು. ಅಪ್‌ಡೇಟ್ ಬಂದು ಎಲ್ಲಾ ಚಂದದ ಚಿತ್ರಗಳಾದವು. ಚಿತ್ರದ ಹಿಂದಿನ ಸಾಲನ್ನು ಯಾರೂ ಬರೆದಿರಲಿಲ್ಲ. ರಾತ್ರಿ ಮಲಗುವಾಗ ಇದ್ದ ಆಪ್ ಬೆಳಗಾಗುವುದರೊಳಗೆ ಅವರ ಪಾಲಿಗೆ ಗೋಡೆಯಾಗಿತ್ತು.

ಆ ದಿನ ಗಿರಾಕಿಗಳನ್ನು ಬಿಟ್ಟು ಇದರಲ್ಲೇ ಕೂತೆ. ಟಾಕ್‌ಬ್ಯಾಕ್‌ನಲ್ಲಿ ನಾವೇ ಗುಂಡಿಗೆ ಹೆಸರಿಡುವ ಸೌಲಭ್ಯ ಇದೆ. ಗುಂಡಿಯ ಮೇಲೆ ಬೆರಳಿಟ್ಟು, ಟಾಕ್‌ಬ್ಯಾಕ್ ಮೆನು ತೆಗೆದು, ಲೇಬಲ್ ಸೇರಿಸಿದರಾಯಿತು. ಹನ್ನೊಂದು ಗುಂಡಿಗಳಿಗೆ ಕನ್ನಡದಲ್ಲಿ ಹೆಸರಿಟ್ಟೆ. ಎರಡಕ್ಕೆ ಮಾತ್ರ ಇಡಲಾಗಲಿಲ್ಲ. ಆಪ್ ಬರೆದವರು ಗುಂಡಿಗೆ ಒಳಗಿನ ಗುರುತು ಕೊಟ್ಟಿರದಿದ್ದರೆ ಹೆಸರು ಅಂಟುವುದಿಲ್ಲ. "ಇವೆರಡು ಎಣಿಸಿ ನೆನಪಿಡ್ರಿ ಮಾಸ್ತರ್ರ, ಮ್ಯಾಲಿಂದ ಬಲಕ್ಕ ಏಳು ಸಲ ಸರಸಿದ್ರ ಹಣ ಕಳಸೂದು," ಅಂದೆ. ಅವರು ಏಳು ಅನ್ನುವುದನ್ನು ರೂಪಕ ತಾಳದ ಮಾತ್ರೆಗಳ ಹಾಗೆ ತೊಡೆಯ ಮೇಲೆ ತಟ್ಟಿಕೊಂಡರು. ಅವತ್ತಿನಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟಿದ್ದೇನೆ. ಯಾವ ಆಪ್, ಯಾವ ಗುಂಡಿ, ಎಷ್ಟು ಸಲ ಸರಿಸಬೇಕು, ಯಾವ ತಾರೀಖಿನ ಆವೃತ್ತಿ.

ಇಷ್ಟು ಕಷ್ಟ ಯಾಕೆ, ನಗದೇ ತಗೋಬಾರದೇ ಅಂತ ನಮ್ಮ ತಮ್ಮ ಕೇಳಿದ. ಮಾಸ್ತರರೇ ಅವನ ಕೈಗೆ ಒಂದು ನೂರರ ನೋಟು ಕೊಟ್ಟು ಕಣ್ಣು ಮುಚ್ಚಿ ಅಂಚು ಸವರು ಅಂದರು. ಈಗಿನ ನೋಟುಗಳ ಎರಡೂ ಅಂಚಿಗೆ ಉಬ್ಬಿದ ಓರೆಗೆರೆಗಳಿವೆ: ನೂರಕ್ಕೆ 4, ಐನೂರಕ್ಕೆ 5, ಇನ್ನೂರಕ್ಕೆ 4 ಗೆರೆಗಳ ನಡುವೆ ಎರಡು ಸಣ್ಣ ವೃತ್ತ. ಹೊಸ ನೋಟಿನಲ್ಲಿ ಬೆರಳಿಗೆ ಸಿಗುತ್ತವೆ. ಸಂತಿಯಲ್ಲಿ ಹತ್ತು ಕೈ ದಾಟಿ, ಬೆವರು ಕುಡಿದು ಮೆತ್ತಗಾದ ನೋಟಿನಲ್ಲಿ ಏನೂ ಸಿಗುವುದಿಲ್ಲ. ರಿಸರ್ವ್ ಬ್ಯಾಂಕು 2020ರ ಜನವರಿ 1ರಂದು ಮಣಿ ಅನ್ನುವ ಆಪ್ ತಂದಿದೆ. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದು ಅಂತ ಹೇಳುತ್ತದೆ, ಇಂಟರ್ನೆಟ್ಟೂ ಬೇಡ. ಅದನ್ನು ಅವರ ಫೋನಿಗೆ ಹಾಕಿಕೊಟ್ಟಿದ್ದೇನೆ, ಮನೆಯಲ್ಲಿ ಎಣಿಸಲು ಬಳಸುತ್ತಾರೆ. ಆದರೆ ಶಿಷ್ಯರ ಮನೆ ಬಾಗಿಲಲ್ಲಿ ನಿಂತು, ಫೀ ಕೊಟ್ಟವರೆದುರಿಗೇ ಒಂದೊಂದು ನೋಟನ್ನು ಕ್ಯಾಮೆರಾಕ್ಕೆ ಹಿಡಿದರೆ ಅವರನ್ನು ನಂಬಲಿಲ್ಲ ಅಂತಾಗುತ್ತದಲ್ಲ. ಯುಪಿಐ ಬಂದಮೇಲೆ ಆ ಮುಜುಗರ ತಪ್ಪಿತು. ಹಣ ಬಂತೆಂದರೆ ಫೋನೇ ಹೇಳುತ್ತದೆ, ಯಾರಿಂದ ಎಷ್ಟು ಅಂತ. ಅವರ ಪಾಲಿಗೆ ಇದು ಸುಮ್ಮನೆ ಅನುಕೂಲ ಅಲ್ಲ, ಮರ್ಯಾದೆ.

ಒಂದು ಎಚ್ಚರಿಕೆ ಹೇಳಲೇಬೇಕು. ಪಿನ್ ಹಾಕುವಾಗ ಬೆರಳು ಹೋದ ಅಂಕಿಯನ್ನೆಲ್ಲ ಟಾಕ್‌ಬ್ಯಾಕ್ ಗಟ್ಟಿಯಾಗಿ ಓದುತ್ತದೆ. ಇಯರ್‌ಫೋನ್ ಇಲ್ಲದಿದ್ದರೆ ಪಕ್ಕದವರಿಗೂ ಕೇಳಿಸುತ್ತದೆ. ತಂತಿಯ ಇಯರ್‌ಫೋನನ್ನೇ ಕೊಡುತ್ತೇನೆ ಇಂಥವರಿಗೆ. ಬ್ಲೂಟೂತ್‌ನಲ್ಲಿ ಮಾತು ಅರೆಕ್ಷಣ ತಡವಾಗಿ ಬರುತ್ತದೆ, ಅಷ್ಟರೊಳಗೆ ಬೆರಳು ಮುಂದಿನ ಅಂಕಿಗೆ ಹೋಗಿರುತ್ತದೆ.

ಹೋದ ವರ್ಷ ಮಳೆಗಾಲದಲ್ಲಿ ಒಂದು ಪಿಡಿಎಫ್ ಹಿಡಿದು ಬಂದರು. ಸಂಗೀತ ಕಲಿಸುವವರಿಗೆ ಸಂಬಂಧಪಟ್ಟ ಸುತ್ತೋಲೆ, ಯಾರೋ ವಾಟ್ಸಾಪ್‌ನಲ್ಲಿ ಕಳಿಸಿದ್ದು. "ಇದು ಕನ್ನಡದಾಗ ಐತಿ ಅಂದ್ರು. ಇದು ನೋಡಿದ್ರ ಪಿ, ಪೌಂಡ್, ಕ್ಯೂ ಅಂತೈತಿ." ನಾನು ತೆರೆದು ನೋಡಿದೆ. ಅಚ್ಚುಕಟ್ಟಾದ ಕನ್ನಡ, ಮುತ್ತು ಪೋಣಿಸಿದಂಥ ಅಕ್ಷರ. ಅವರ ಫೋನು ಹೇಳುತ್ತಿದ್ದದ್ದೂ ನಿಜ.

ಇದು ನಮ್ಮ ಭಾಷೆಯ ದೊಡ್ಡ ಗಾಯ, ಅದಕ್ಕೆ ತುಸು ಬಿಡಿಸಿ ಹೇಳುತ್ತೇನೆ. ಯುನಿಕೋಡ್ ಅಂದರೆ ಪ್ರತಿ ಲಿಪಿಯ ಅಕ್ಷರಕ್ಕೂ ಕಂಪ್ಯೂಟರಿನಲ್ಲಿ ಅದರದೇ ಸಂಖ್ಯೆ ಕೊಡುವ ವ್ಯವಸ್ಥೆ. ಅದಲ್ಲದ ಹಳೆಯ ಫಾಂಟುಗಳಲ್ಲಿ ಕಡತದೊಳಗೆ ಕನ್ನಡ ಇರುವುದೇ ಇಲ್ಲ. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಬರೆದಿಟ್ಟಿರುತ್ತಾರೆ. 'ಕನ್ನಡ' ಅಂತ ಕಾಣುವ ಪದ ಒಳಗೆ ದೊಡ್ಡ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಜರ್ಮನರ ಜೋಡಿ ಎಸ್, ಸಣ್ಣ ಕ್ಯೂ. ಕಣ್ಣಿಗೆ ಕನ್ನಡ, ಕಿವಿಗೆ ಕಸ. ಹುಡುಕಿದರೆ ಸಿಗುವುದಿಲ್ಲ, ಅನುವಾದಕ್ಕೆ ಬರುವುದಿಲ್ಲ, ಓದುವ ಯಂತ್ರಕ್ಕೆ ತಿಳಿಯುವುದಿಲ್ಲ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ತನ್ನದೇ 128 ಮನೆಗಳ ಓಣಿ ಇದೆ, 1991ರ ಮೊದಲ ಆವೃತ್ತಿಯಿಂದಲೇ ಇದೆ. ಇಷ್ಟು ವರ್ಷವಾದರೂ ಬಾಡಿಗೆ ಮನೆಯಲ್ಲಿ ಕೂತು ಸುತ್ತೋಲೆ ಬರೆಯುವವರಿದ್ದಾರೆ ಅಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಫಾಂಟು ಬದಲಿಸಲು ದುಡ್ಡು ಬೇಕಿಲ್ಲ.

ಆ ಎರಡು ಪುಟವನ್ನು ನಕಲಿಸಿ ಯುನಿಕೋಡ್ ಪರಿವರ್ತಕದಲ್ಲಿ ಹಾಕಿದೆ. ಬಹುಪಾಲು ಸರಿಯಾಯಿತು. ಅರ್ಕಾವತ್ತು ಕೆಲವು ಕಡೆ ಒಂದಕ್ಷರ ಹಿಂದೆಮುಂದೆ ಆಗಿತ್ತು, 'ಕಾರ್ಯ' ಅನ್ನುವುದು ಬಾಯಿಗೆ ಬಾರದಂತಾಗಿತ್ತು. ಕೈಯಿಂದ ತಿದ್ದಿ ವಾಟ್ಸಾಪ್ ಮೆಸೇಜಾಗಿಯೇ ಕಳಿಸಿದೆ. ಮುಕ್ಕಾಲು ತಾಸು ಹಿಡಿಯಿತು. ಮಾಸ್ತರರು ಅಲ್ಲೇ ಕೂತು ಪೂರ್ತಿ ಕೇಳಿದರು, ನಡುವೆ ಒಂದು ಕಡೆ ನಿಲ್ಲಿಸಿ ತಾರೀಖನ್ನು ಮತ್ತೊಮ್ಮೆ ಕೇಳಿಸಿಕೊಂಡರು. ಅರ್ಜಿಗೆ ಇನ್ನು ನಾಲ್ಕು ದಿನ ಉಳಿದಿತ್ತು. ಸ್ಕ್ಯಾನ್ ಮಾಡಿದ ಚಿತ್ರ ಬಂದರೆ ದಾರಿ ಬೇರೆ. ಟೆಸರಾಕ್ಟ್ ಅನ್ನುವ ಮುಕ್ತ ತಂತ್ರಾಂಶ ಕನ್ನಡ ಗುರುತಿಸುತ್ತದೆ, ಮುದ್ರಣ ಚೊಕ್ಕ ಇದ್ದರೆ ಚೆನ್ನಾಗಿಯೇ ಗುರುತಿಸುತ್ತದೆ.

ನನ್ನ ಕೈಲಿ ಏನೂ ಆಗದೆ ಸೋತದ್ದು ಕೆವೈಸಿಯಲ್ಲಿ, ಅಂದರೆ ಗಿರಾಕಿಯ ಗುರುತು ಖಚಿತ ಮಾಡಿಕೊಳ್ಳುವ ಹಂತದಲ್ಲಿ. ಒಂದು ಆಪ್ ಅವರ ಮುಖವನ್ನು ವೃತ್ತದೊಳಗೆ ಇಡಲು ಹೇಳಿತು, ಇಟ್ಟೆವು. ಆಮೇಲೆ ಪರದೆಯ ಮೇಲೆ ಒಂದು ಸಾಲು ಬಂತು. "ಏನಂತದ?" ಅಂತ ಕೇಳಿದರು. ಕಣ್ಣು ಮಿಟುಕಿಸಿ ಅಂತ ಬರೆದಿತ್ತು. ಅದನ್ನು ಅವರಿಗೆ ಓದಿ ಹೇಳಲು ನನಗೆ ಬಾಯಿ ಬರಲಿಲ್ಲ. ಸರ್ವರ್ ಸರಿ ಇಲ್ರೀ, ನಾಳೆ ನೋಡೂಣು ಅಂದುಬಿಟ್ಟೆ. ಆ ಸುಳ್ಳು ಈಗಲೂ ಚುಚ್ಚುತ್ತದೆ.

2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂತು. ಆಸಿಡ್ ದಾಳಿಗೆ ತುತ್ತಾದವರು ಮತ್ತು ದೃಷ್ಟಿಯಿಲ್ಲದ ಒಬ್ಬರು ಹಾಕಿದ್ದ ಅರ್ಜಿಗಳವು. ಡಿಜಿಟಲ್ ಸೇವೆ ಎಲ್ಲರಿಗೂ ನಿಲುಕುವುದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಅಂತ ಹೇಳಿ, ಕೋರ್ಟು 20 ನಿರ್ದೇಶನ ಕೊಟ್ಟಿತು. ಕಣ್ಣು ಮಿಟುಕಿಸುವುದನ್ನು ಬಿಟ್ಟು ಬೇರೆ ದಾರಿಯೂ ಇರಬೇಕು ಅನ್ನುವುದು ಅದರೊಳಗಿತ್ತು. ಸುದ್ದಿಯನ್ನು ಮಾಸ್ತರರಿಗೆ ಓದಿ ಹೇಳಿದೆ, ಅವತ್ತಿನ ನನ್ನ ಸುಳ್ಳನ್ನೂ ಹೇಳಿದೆ. ಅವರು ಸುಳ್ಳಿನ ಮಾತೇ ಎತ್ತಲಿಲ್ಲ. "ಈ ಕಂಪನಿಯವರಿಗೂ ಯಾರರೆ ಓದಿ ಹೇಳ್ಯಾರೇನು?" ಅಂದರು. ಅವತ್ತು ರಾತ್ರಿಯೇ ಆ ಹಣ ಕಳಿಸುವ ಆಪ್‌ನವರಿಗೆ ಮೂರನೇ ಸಲ ಮೇಲ್ ಬರೆದೆ, ಯಾವ ಪರದೆಯಲ್ಲಿ ಯಾವ ಗುಂಡಿಗೆ ಹೆಸರಿಲ್ಲ ಅಂತ ಸ್ಕ್ರೀನ್‌ಶಾಟ್ ಸಮೇತ. ಉತ್ತರ ಬಂದಿಲ್ಲ. ಮತ್ತೆ ಬರೆಯುತ್ತೇನೆ. ಇದನ್ನು ಓದುವವರಲ್ಲಿ ಹುಬ್ಬಳ್ಳಿಯಲ್ಲೋ ಬೆಂಗಳೂರಲ್ಲೋ ಕೂತು ಆಪ್ ಬರೆಯುವ ಹುಡುಗರಿದ್ದರೆ ನನ್ನದೊಂದು ಬೇಡಿಕೆ: ಟಾಕ್‌ಬ್ಯಾಕ್ ಹಾಕಿ, ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ ಪುಸ್ತಕದಡಿಯಲ್ಲಿಟ್ಟು, ನಿಮ್ಮದೇ ಆಪ್‌ನಿಂದ ಹತ್ತು ರೂಪಾಯಿ ಕಳಿಸಿ ನೋಡಿ.

ಹೋದ ವಾರ ಅದೇ ಆಪ್‌ಗೆ ಇನ್ನೊಂದು ಅಪ್‌ಡೇಟ್ ಬಂತು. ನಾನಿಟ್ಟ ಹನ್ನೊಂದು ಹೆಸರುಗಳೂ ಅಳಿಸಿಹೋದವು. ಅಂಗಡಿ ಮುಗಿಸಿ ಬೆಟಗೇರಿಗೆ ಹೋಗಬೇಕು ಅಂದುಕೊಳ್ಳುತ್ತಿದ್ದೆ, ಅಷ್ಟರಲ್ಲಿ ಅವರದೇ ಫೋನು ಬಂತು.

"ತಮ್ಮಾ, ಏಳಲ್ಲ ಈಗ, ಒಂಬತ್ತಾಗೇತಿ. ಮೊದಲ ಒಂದು ರೂಪಾಯಿ ಕಳಿಸಿ ನೋಡೀನಿ, ಹೋಗೇತಿ. ಬರಕೋ. ನಮ್ಮ ಹುಡುಗರಿಗೂ ಹೇಳಬೇಕು."

ನೋಟ್‌ಬುಕ್ ತೆಗೆದು ಏಳನ್ನು ಹೊಡೆದುಹಾಕಿ ಒಂಬತ್ತು ಬರೆದೆ, ಪಕ್ಕದಲ್ಲಿ ತಾರೀಖು ಹಾಕಿದೆ. ಆಮೇಲೆ ಅದನ್ನೇ ಗಟ್ಟಿಯಾಗಿ ಹೇಳಿ, ದನಿಯ ಮೆಸೇಜಾಗಿ ಅವರ ಆರು ಮಂದಿ ಶಿಷ್ಯರಿಗೆ ಕಳಿಸಿದೆ.