ಸೋಡಿಯಂ 140, ಪೊಟ್ಯಾಸಿಯಂ ಬರೀ 4: ಕಮ್ಮಿ ಅಲ್ವಾ?

ಮಂಡ್ಯದ ಒಂದು ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ರಿಪೋರ್ಟ್ ಕೊಡುವ ಕಿಟಕಿಯಲ್ಲಿ ಪದೇ ಪದೇ ಕೇಳುವ ಪ್ರಶ್ನೆ ಇದು: 'ಸೋಡಿಯಂ 140 ಐತೆ, ಪೊಟ್ಯಾಸಿಯಂ ಬರೀ 4. ಇದ್ಯಾಕ್ ಸಾ ಇಷ್ಟ್ ಕಮ್ಮಿ? ದಿನಾ ಎಳನೀರು ಕುಡೀತೀನಲ್ಲ?'

ಕಮ್ಮಿ ಇಲ್ಲ. ಲೀಟರಿಗೆ ಇಷ್ಟು ಮಿಲಿಮೋಲ್ ಅನ್ನುವ ಲೆಕ್ಕದಲ್ಲಿ ಮೂರೂವರೆಯಿಂದ ಐದರೊಳಗೆ ಇದ್ದರೆ ಸರಿ. (ಎಳನೀರಿನಲ್ಲಿ ಪೊಟ್ಯಾಸಿಯಂ ಜಾಸ್ತಿ ಇರುವುದು ನಿಜ. ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರು ಬೇಡ ಅನ್ನುವುದೂ ಅದಕ್ಕೇ.) ನಾವು ಅಳೆಯುವುದು ಜೀವಕೋಶಗಳ ಹೊರಗಿನ ನೀರನ್ನು. ಕೋಶದ ಒಳಗೆ ಲೆಕ್ಕ ಉಲ್ಟಾ. ಅಲ್ಲಿ ಪೊಟ್ಯಾಸಿಯಂ 140ರ ಆಸುಪಾಸು, ಸೋಡಿಯಂ ಹತ್ತು ಹನ್ನೆರಡು.

ಇದನ್ನು ನಾನು ಕಣ್ಣಾರೆ ಕಂಡಿದ್ದು ಒಂದು ಎಡವಟ್ಟಿನಿಂದ. ಹಳ್ಳಿ ಕಡೆಯಿಂದ ಬಂದ ಸ್ಯಾಂಪಲ್ಲಿನಲ್ಲಿ ಪೊಟ್ಯಾಸಿಯಂ 7 ಬಂತು. ಅಷ್ಟಿದ್ದರೆ ಹೃದಯ ಯಾವಾಗ ಬೇಕಾದರೂ ನಿಲ್ಲಬಹುದು. ಗಾಬರಿಯಿಂದ ಫೋನ್ ಮಾಡಿದರೆ ಆ ಮನುಷ್ಯ ಆರಾಮಾಗಿ ಗದ್ದೆಗೆ ನೀರು ಕಟ್ಟುತ್ತಿದ್ದ. ಟ್ಯೂಬನ್ನು ಬೆಳಕಿಗೆ ಹಿಡಿದೆ. ಸೀರಂ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ನೀರು, ತಿಳಿ ಹಳದಿಯಾಗೇ ಇತ್ತು. ರಕ್ತಕಣ ಒಡೆದಿದ್ದರೆ ಕೆಂಪಾಗಬೇಕಿತ್ತು. ವಿಚಾರಿಸಿದಾಗ ಗೊತ್ತಾಯಿತು: ಸೀರಂ ಬೇರೆ ಮಾಡದೆ, ರಕ್ತವನ್ನು ಹಾಗೇ ರಾತ್ರಿಯಿಡೀ ಫ್ರಿಜ್ಜಿನಲ್ಲಿ ಇಟ್ಟಿದ್ದರು. ಹೊಸದಾಗಿ ರಕ್ತ ತೆಗೆದು ನೋಡಿದರೆ 4.3.

ಕಣಗಳು ಒಡೆದಿರಲಿಲ್ಲ. ಚಳಿಗೆ ಅವುಗಳ ಪಂಪು ಮಂಕಾಗಿತ್ತು, ಒಳಗಿನ ಪೊಟ್ಯಾಸಿಯಂ ಹೊರಗೆ ಸೋರಿತ್ತು, ಅಷ್ಟೇ. ಈ ಪಂಪು ಒಂದು ಪ್ರೋಟೀನು. ಒಂದು ಎಟಿಪಿ (ಕೋಶ ಶಕ್ತಿಗೆ ಬಳಸುವ ಅಣು) ಖರ್ಚು ಮಾಡಿ ಮೂರು ಸೋಡಿಯಂ ಹೊರಗೆ ಹಾಕುತ್ತದೆ, ಎರಡು ಪೊಟ್ಯಾಸಿಯಂ ಒಳಗೆ ತರುತ್ತದೆ. ಡೆನ್ಮಾರ್ಕಿನ ಯೆನ್ಸ್ ಸ್ಕೌ ಇದನ್ನು ಪತ್ತೆ ಮಾಡಿದ್ದು ಏಡಿಕಾಯಿ ಕಾಲಿನ ನರದಲ್ಲಿ, 1957ರಲ್ಲಿ. ನೊಬೆಲ್ ಬಂದದ್ದು 1997ಕ್ಕೆ. ನಾವು ಸುಮ್ನೆ ಮಲಗಿದ್ದರೂ ಮೈ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೇ ಒಂದು ಪಾಲು ಇದಕ್ಕೇ ಹೋಗುತ್ತದೆ.

ಇಷ್ಟು ಕೇಳಿದವರು ಮುಂದಿನದನ್ನೂ ಕೇಳುತ್ತಾರೆ: ಇಷ್ಟೊಂದು ಒದ್ದಾಟ ಯಾಕೆ?

ಕೋಶದಲ್ಲಿ ಪ್ರೋಟೀನು ಕಟ್ಟುವ ರೈಬೋಸೋಮಿಗೆ ಪೊಟ್ಯಾಸಿಯಂ ಬೇಕೇ ಬೇಕು. ಬ್ಯಾಕ್ಟೀರಿಯಾದಿಂದ ಹಿಡಿದು ನಮ್ಮವರೆಗೆ ಎಲ್ಲರಲ್ಲೂ ಇರುವ ಹಳೇ ಯಂತ್ರ ಅದು. ಆದರೆ ಸಮುದ್ರದಲ್ಲಿ ಅದೇ ಲೆಕ್ಕದಲ್ಲಿ ಸೋಡಿಯಂ 470ರಷ್ಟು, ಪೊಟ್ಯಾಸಿಯಂ ಹತ್ತು. ಜೀವ ಹುಟ್ಟಿದ್ದು ಸಮುದ್ರದಲ್ಲೇ ಆದರೆ ಅಲ್ಲಿ ಅಪರೂಪವಾದದ್ದನ್ನೇ ಯಾಕೆ ನೆಚ್ಚಿಕೊಂಡಿತು?

ವಿಜ್ಞಾನಿಗಳಾದ ಅರ್ಮೆನ್ ಮುಲ್ಕಿಜಾನ್ಯನ್, ಯೂಜೀನ್ ಕೂನಿನ್ ಮತ್ತು ಜೊತೆಗಾರರು 2012ರಲ್ಲಿ ಒಂದು ಉತ್ತರ ಕೊಟ್ಟರು. ಮೊದಮೊದಲ ಕೋಶಗಳ ಪೊರೆ ಸೋರುತ್ತಿತ್ತು, ಹಾಗಾಗಿ ಹೊರಗಿದ್ದದ್ದೇ ಒಳಗೂ ಇರಬೇಕು. ಜ್ವಾಲಾಮುಖಿ ಸೀಮೆಯ ಬಿಸಿ ನೆಲದಿಂದ ಏಳುವ ಹಬೆ ತಣ್ಣಗಾಗಿ ನಿಂತ ನೀರಿನಲ್ಲಿ ಸೋಡಿಯಂಗಿಂತ ಪೊಟ್ಯಾಸಿಯಂ ಜಾಸ್ತಿ ಇರಬಲ್ಲದು. ಹಾಗಾದರೆ ಜೀವದ ತವರು ಸಮುದ್ರವಲ್ಲ, ಅಂಥ ನೆಲದ ಹೊಂಡ. ಸಮುದ್ರತಳದ ಬಿಸಿನೀರಿನ ಬುಗ್ಗೆಗಳೇ ತವರು ಅನ್ನುವವರು ಒಪ್ಪುವುದಿಲ್ಲ. ಸೋಡಿಯಂ ಹೊರಹಾಕುವ ವಿದ್ಯೆ ಜೀವಕ್ಕೆ ಬಹಳ ಬೇಗ ಬಂತು, ಪೊಟ್ಯಾಸಿಯಂ ರೂಢಿ ಆಮೇಲೆ ಆಯಿತು ಅನ್ನುತ್ತಾರೆ. ನನಗೆ ಹೊಂಡದ ಕಥೆ ಇಷ್ಟ. ಆದರೂ ಯಂತ್ರ ಹಳೆಯದು ಅಂದ ಮಾತ್ರಕ್ಕೆ ಅದರ ಪೊಟ್ಯಾಸಿಯಂ ರುಚಿಯೂ ಅಷ್ಟೇ ಹಳೆಯದು ಅನ್ನಲಾಗದು. ನಡುವೆ ಕಲಿತಿರಲೂಬಹುದು.

ನಮ್ಮ ಕೋಶಗಳಿಗೆ ಇನ್ನೊಂದು ಕಷ್ಟವಿದೆ. ಗಿಡದ ಕೋಶಕ್ಕೆ ಗಟ್ಟಿ ಗೋಡೆ ಇದೆ, ಎಷ್ಟು ನೀರು ನುಗ್ಗಿದರೂ ತಡೆಯುತ್ತದೆ. ನಮ್ಮದಕ್ಕೆ ಬರೀ ತೆಳು ಪೊರೆ. ಸೋಡಿಯಂ ಒಳಗೆ ಸೇರುತ್ತಾ ಹೋದರೆ ನೀರೂ ಹಿಂದೆಯೇ ಬಂದು, ಕೋಶ ನೆನೆಸಿದ ಅವರೆಕಾಳಿನ ಹಾಗೆ ಉಬ್ಬುತ್ತದೆ. ಪಂಪು ಸೋಡಿಯಂ ಹೊರಹಾಕಿ ಅದನ್ನು ತಡೆಯುತ್ತದೆ.

ಗಿಡಗಳಲ್ಲಿ ಈ ಪಂಪು ಇಲ್ಲ. ಅವು ಬೇರೊಂದು ಪಂಪಿನಿಂದ ಕೆಲಸ ನಡೆಸುತ್ತವೆ. ಆದರೆ ಒಳಗೆ ತುಂಬಿಕೊಳ್ಳುವುದು ಪೊಟ್ಯಾಸಿಯಮ್ಮನ್ನೇ. ಮೊನ್ನೆ ಕಿಟಕಿಯಲ್ಲಿ ನಿಂತವರಿಗೆ ಅದನ್ನೇ ಹೇಳಿದೆ: 'ಯಜಮಾನ್ರೇ, ಕಬ್ಬಿಗೆ ಪೊಟ್ಯಾಶ್ ಹಾಕ್ತೀರಲ್ಲ, ಉಪ್ಪು ಹಾಕ್ತೀರಾ?'

'ಉಪ್ಪು ಹಾಕಿದ್ರೆ ಬೆಳೆ ಹೋಯ್ತದೆ ಸಾ. ಹಸೀಗೆ ಹಾಕ್ತೀವಿ, ಕಲಗಚ್ಚಿಗೆ.'

ಹುಲ್ಲು ಮೇಯುವ ಹಸುವಿಗೆ ಸಿಗುವುದೆಲ್ಲ ಪೊಟ್ಯಾಸಿಯಮ್ಮೇ. ಸೋಡಿಯಂ ನಾವು ಕೊಡಬೇಕು. ಅವರು ರಿಪೋರ್ಟ್ ಮಡಚಿ ಜೇಬಿಗಿಟ್ಟುಕೊಂಡು, 'ಹಂಗಾರೆ ಎಳನೀರು ಕುಡೀಬೋದಾ?' ಅಂದರು. ಕಿಡ್ನಿ ರಿಪೋರ್ಟೂ ಚೆನ್ನಾಗೇ ಇತ್ತು. ಕುಡೀರಿ ಅಂದೆ.