ಮೊದಲು ಕಳೆ ನೋಡಿ, ಆಮೇಲೆ ಲೂರ್ ಡಬ್ಬಿ ತೆಗೆಯಿರಿ

ಫ್ಲಾರಿಡಾದ ಕೆರೆಗಳಲ್ಲಿ ಬಾಸ್ ಮೀನು ಹಿಡಿಯಲು ಯಾವ ಲೂರ್, ಅಂದರೆ ಗಾಳಕ್ಕೆ ಕಟ್ಟುವ ಕೃತಕ ಆಮಿಷ, ತಗೊಳ್ಳಬೇಕು ಅಂತ ಒರ್ಲ್ಯಾಂಡೊ ಕಡೆಯ ನಮ್ಮ ಕನ್ನಡದವರು ಆಗಾಗ ಕೇಳುತ್ತಾರೆ. ಕೇಳುವಾಗಲೇ ಫೋನಿನಲ್ಲಿ ಯಾವುದೋ ಲೂರ್‌ನ ಫೋಟೋ ತೆರೆದಿರುತ್ತದೆ. ಕಣ್ಣಿಗೆ ಬಣ್ಣ ಬಳಿದಿರುತ್ತಾರೆ, ಮೈಮೇಲೆ ಮೀನಿನ ಹುರುಪೆಯನ್ನೂ ಬಿಡಿಸಿರುತ್ತಾರೆ. ನಾನು ತಿರುಗಿ ಕೇಳುವುದು ಒಂದೇ. ನೀವು ಹೋಗುವ ಕಡೆ ಕಳೆ ಹೇಗಿದೆ? ನೀರು ಕಾಣದ ಹಾಗೆ ಮೇಲೆ ಹಾಸಿಕೊಂಡಿದೆಯಾ, ಒಂದೆರಡು ಅಡಿ ಕೆಳಗೇ ನಿಂತಿದೆಯಾ, ಇಲ್ಲ ಜೊಂಡಿನ ಥರ ನೆಟ್ಟಗೆ ಎದ್ದು ನಡುನಡುವೆ ಜಾಗ ಬಿಟ್ಟಿದೆಯಾ? ಇದಕ್ಕೆ ಉತ್ತರ ಸಿಕ್ಕರೆ ಲೂರ್ ಯಾವುದು ಅನ್ನುವುದು ಮುಕ್ಕಾಲು ಪಾಲು ತೀರ್ಮಾನ ಆದ ಹಾಗೆ. ಮೀನಿನ ಮನಸ್ಸು ಓದುವ ಕೆಲಸ ಆಮೇಲಿನದು.

ಇಲ್ಲಿನ ಕೆರೆಗಳು ಅಗಲ ಜಾಸ್ತಿ, ಆಳ ಕಮ್ಮಿ. ಓಕಿಚೋಬಿ ಕೆರೆಯನ್ನೇ ತಗೊಳ್ಳಿ. ಸುಮಾರು 730 ಚದರ ಮೈಲಿ ಹರಡಿಕೊಂಡಿದೆ, ಈ ದಡದಲ್ಲಿ ನಿಂತರೆ ಆ ದಡ ಕಾಣುವುದಿಲ್ಲ, ಆದರೆ ಸರಾಸರಿ ಆಳ 9 ಅಡಿ ಅಷ್ಟೇ. ಕಿಸಿಮ್ಮಿ ಊರಿಗೆ ಅಂಟಿಕೊಂಡ ಟೋಹೊಪೆಕಲಿಗಾ, ಎಲ್ಲರ ಬಾಯಲ್ಲಿ ಟೋಹೋ, ಅದೂ ಇದೇ ಥರದ್ದು. ಇಷ್ಟು ತೆಳ್ಳಗಿನ ನೀರಿನಲ್ಲಿ ಬಿಸಿಲು ತಳದವರೆಗೂ ಇಳಿಯುತ್ತದೆ, ಹಾಗಾಗಿ ಕಳೆಗೆ ಹಬ್ಬ. ಈ ಟೋಹೋದಲ್ಲೇ 2001ರ ಜನವರಿಯಲ್ಲಿ ಡೀನ್ ರೋಹಾಸ್ ಅನ್ನುವವರು ಸ್ಪರ್ಧೆಯೊಂದರ ಒಂದೇ ದಿನದಲ್ಲಿ 5 ಬಾಸ್ ಸೇರಿಸಿ 45 ಪೌಂಡ್ 2 ಔನ್ಸ್ ತೂಗಿಸಿದ್ದು. ಅಂದರೆ ಒಂದೊಂದು ಮೀನು ಸರಾಸರಿ 4 ಕಿಲೋ ಮೇಲೆ. ಇದೇ ಮನುಷ್ಯ ಮುಂದೆ ಫ್ರಾಗ್, ಅಂದರೆ ಕಪ್ಪೆಯಾಕಾರದ ಲೂರ್‌ಗೆ ಹೆಸರಾದರು. ಅದರ ಕಥೆಗೆ ಬರುತ್ತೇನೆ.

ಕಳೆಗಳಲ್ಲಿ ಇಲ್ಲಿ ದೊಡ್ಡ ಹೆಸರು ಹೈಡ್ರಿಲ್ಲಾ. ಅಕ್ವೇರಿಯಂ ವ್ಯಾಪಾರದವರು 1950ರ ದಶಕದಲ್ಲಿ ತರಿಸಿದ ಗಿಡ, ಕಾಲುವೆಗೆ ಬಿತ್ತು, ರಾಜ್ಯವನ್ನೇ ಹಿಡಿಯಿತು. ಶ್ರೀಲಂಕಾದಿಂದ ಬಂದದ್ದು ಅಂತ ಹಳೆಯ ದಾಖಲೆಗಳು ಹೇಳುತ್ತವೆ, ಆದರೆ 1990ರ ದಶಕದಲ್ಲಿ ಡಿಎನ್ಎ ಪರೀಕ್ಷೆ ಮಾಡಿದವರು ದಕ್ಷಿಣ ಭಾರತದ ಕಡೆ ಬೆರಳು ತೋರಿಸಿದರು. ನಮ್ಮ ಕಡೆಯಿಂದ ಬಂದು ಇಲ್ಲೇ ಬೇರುಬಿಟ್ಟವರು ನಾವೊಬ್ಬರೇ ಅಲ್ಲ, ಅಲ್ವಾ! ಬೇಸಿಗೆಯಲ್ಲಿ ಇದು ದಿನಕ್ಕೊಂದು ಇಂಚು ಬೆಳೆಯಬಲ್ಲದು. ಇವತ್ತು ಮೊಣಕಾಲು ಮಟ್ಟ ಇದ್ದ ಕಳೆ ಮುಂದಿನ ತಿಂಗಳು ನೀರಿನ ಮೇಲೆ ಬಂದು ಮಲಗಿರುತ್ತದೆ. ಅದಕ್ಕೇ ಹೋದ ತಿಂಗಳು ಕೆಲಸ ಮಾಡಿದ ಲೂರ್ ಈ ತಿಂಗಳು ಅದೇ ಜಾಗದಲ್ಲಿ ಬರೀ ಹುಲ್ಲು ಹೊತ್ತುಕೊಂಡು ಬರುತ್ತದೆ. ಲೂರ್ ಕೆಟ್ಟಿಲ್ಲ, ಕಳೆ ಬೆಳೆದಿದೆ.

ಕಳೆ ಪೂರ್ತಿ ಮೇಲೆ ಹಾಸಿಕೊಂಡಿದ್ದರೆ ಅಥವಾ ನೈದಿಲೆ ಎಲೆಗಳು ಒತ್ತೊತ್ತಾಗಿದ್ದರೆ ನನ್ನ ಕೈ ಮೊದಲು ಹೋಗುವುದು ಟೊಳ್ಳು ಹೊಟ್ಟೆಯ ರಬ್ಬರ್ ಫ್ರಾಗ್‌ಗೆ. ನೋಡಲು ಆಟದ ಸಾಮಾನು. ಕೈಗೆ ತಗೊಂಡು ನೋಡಿ. ಎರಡು ಕೊಕ್ಕೆಗಳು ಹಿಂದಿನಿಂದ ಹೊರಟು ಬೆನ್ನಿಗೆ ಅಂಟಿಕೊಂಡು ಮೇಲಕ್ಕೆ ಬಾಗಿವೆ. ಬೆರಳಿನಿಂದ ಬೆನ್ನು ಸವರಿದರೆ ಚುಚ್ಚುವುದಿಲ್ಲ, ಹೊಟ್ಟೆ ಒತ್ತಿದರೆ ರಬ್ಬರ್ ಒಳಕ್ಕೆ ಕುಸಿದು ಕೊಕ್ಕೆಯ ಮೊನೆಗಳು ಹೊರಗೆ ಬರುತ್ತವೆ. ಕಳೆಯ ಮೇಲೆ ಜಾರಿಕೊಂಡು ಬರುವಾಗ ಏನೂ ಸಿಕ್ಕಿಕೊಳ್ಳದಿರುವುದು, ಮೀನು ಬಾಯಿ ಮುಚ್ಚಿದಾಗ ಮಾತ್ರ ಕೊಕ್ಕೆ ಏಳುವುದು, ಎಲ್ಲ ಇಷ್ಟರಲ್ಲೇ ಇದೆ. ಕೊಳ್ಳುವಾಗ ಅಂಗಡಿಯಲ್ಲೇ ಹಿಚುಕಿ ನೋಡಿ. ಗಟ್ಟಿ ರಬ್ಬರ್ ಆದರೆ ಸುಮ್ನೆ ಅಲ್ಲೇ ಇಟ್ಟು ಬನ್ನಿ, ಎಷ್ಟೇ ಚೆಂದ ಇರಲಿ.

ಮನೆಗೆ ತಂದ ಮೇಲೆ ನಾನು ಎರಡು ಕೆಲಸ ಮಾಡುತ್ತೇನೆ. ರಬ್ಬರ್ ಎಳೆಗಳ ಕಾಲು ತೀರಾ ಉದ್ದ ಇರುತ್ತವೆ, ಒಂದು ಇಂಚಿನಷ್ಟು ಕತ್ತರಿಸುತ್ತೇನೆ, ಆಗ ಫ್ರಾಗ್ ಇದ್ದಲ್ಲೇ ಎಡಕ್ಕೆ ಬಲಕ್ಕೆ ಸಲೀಸಾಗಿ ತಿರುಗುತ್ತದೆ. ಆಮೇಲೆ ಇಕ್ಕಳದಲ್ಲಿ ಕೊಕ್ಕೆಗಳನ್ನು ಒಂದು ಕೂದಲೆಳೆಯಷ್ಟು ಮೇಲಕ್ಕೆ ಬಗ್ಗಿಸುತ್ತೇನೆ. ಜಾಸ್ತಿ ಬಗ್ಗಿಸಿದರೆ ಪ್ರತಿ ಎಲೆಗೂ ಸಿಕ್ಕಿಕೊಳ್ಳುತ್ತದೆ. ಕೆರೆಯಲ್ಲಿ ಸ್ವಲ್ಪ ಹೊತ್ತು ಎಳೆದ ಮೇಲೆ ಹೊಟ್ಟೆಯೊಳಗೆ ನೀರು ತುಂಬಿ ಬಾಲ ಮುಳುಗಲು ಶುರುವಾಗುತ್ತದೆ. ಆಗ ಹಿಚುಕಿದರೆ ಕೊಕ್ಕೆಯ ಸಂದಿಯಿಂದ ಪಿಚಕ್ ಅಂತ ನೀರು ಹಾರುತ್ತದೆ, ಅದು ನಿಮ್ಮ ಮುಖದ ಕಡೆ ಇರದ ಹಾಗೆ ನೋಡಿಕೊಳ್ಳಿ.

ಎಳೆಯುವ ರೀತಿಗೆ ಬರೋಣ. ತುಂಬ ಜನ ಹಾಸಿದ ಕಳೆಯ ಮೇಲೆ ಒಂದೇ ಸಮ ಎಳೆದುಕೊಂಡು ಬರುತ್ತಾರೆ. ಕಳೆಯಲ್ಲಿ ಅಲ್ಲಲ್ಲಿ ತಟ್ಟೆಯಗಲದ ತೂತುಗಳಿರುತ್ತವೆ ನೋಡಿ, ಫ್ರಾಗ್ ಅಲ್ಲಿಗೆ ಬಂದಾಗ ನಿಲ್ಲಿಸಬೇಕು. ದಾರ ಸಡಿಲ ಬಿಟ್ಟು ಒಂದೆರಡು ಸಲ ಇದ್ದಲ್ಲೇ ನಡುಗಿಸಬೇಕು. ಬಾಸ್ ಕಚ್ಚಿ ಹಿಡಿಯುವ ಮೀನಲ್ಲ. ಬಿಸಿ ಕಾಫಿಯನ್ನು ಸೊರ್ ಅಂತ ಎಳೆದುಕೊಂಡ ಹಾಗೆ ದೊಡ್ಡ ಬಾಯಿ ತೆಗೆದು ನೀರಿನ ಜೊತೆ ಬೇಟೆಯನ್ನೂ ಒಳಗೆಳೆಯುತ್ತದೆ. ಫ್ರಾಗ್ ದಪ್ಪ ಕಳೆಯ ಮೇಲೆ ಕೂತಿದ್ದರೆ ಅದಕ್ಕೆ ಎಳೆಯಲು ನೀರೇ ಇಲ್ಲ, ಕಳೆಯನ್ನು ಒಡೆದುಕೊಂಡು ಬಂದು ಅರ್ಧದಷ್ಟು ಸಲ ಗುರಿ ತಪ್ಪುತ್ತದೆ. ತೂತಿನಲ್ಲಾದರೆ ನುಂಗುವುದು ಸುಲಭ. ನೀರು ಸಿಡಿದ ತಕ್ಷಣ ರಾಡ್ ಎತ್ತಬೇಡಿ. ಎತ್ತಿದರೆ ಫ್ರಾಗ್ ನೇರ ನಿಮ್ಮ ಟೋಪಿಗೆ ಬರುತ್ತದೆ. ಒಂದು ಕ್ಷಣ ಕಾದು, ರೀಲ್ ಎರಡು ಸುತ್ತು ಸುತ್ತಿ, ಭಾರ ಕೈಗೆ ಗೊತ್ತಾದ ಮೇಲೆ ಬಲವಾಗಿ ಎಳೆಯಿರಿ. ಹೇಳುವುದು ಸುಲಭ, ಆ ಸದ್ದಿಗೆ ಎದೆ ಹಾರಿದಾಗ ಕೈ ಮಾತು ಕೇಳುವುದು ಕಷ್ಟ.

ಇದಕ್ಕೆ ಬ್ರೇಡ್, ಅಂದರೆ ಹೆಣೆದ ದಾರವೇ ಬೇಕು, 50 ಅಥವಾ 65 ಪೌಂಡ್ ಭಾರ ತಡೆಯುವಂಥದ್ದು. ಅದು ತೇಲುತ್ತದೆ, ಹಿಗ್ಗುವುದಿಲ್ಲ, ಬಿಗಿಯಾಗಿ ಎಳೆದಾಗ ಕಳೆಯ ದಂಟನ್ನು ಕೊಯ್ದುಕೊಂಡು ಬರುತ್ತದೆ. ಫ್ಲೋರೋಕಾರ್ಬನ್ ಮುಳುಗುವ ದಾರ, ಫ್ರಾಗ್‌ನ ಮೂತಿಯನ್ನೂ ಕೆಳಗೆ ಎಳೆಯುತ್ತದೆ. ರಾಡ್ 7 ಅಡಿಗೆ ಕಮ್ಮಿ ಇಲ್ಲದ ಹೆವಿ, ಅಂದರೆ ಗಡುಸಾದದ್ದು ಇರಲಿ. ಎರಡು ಕಿಲೋ ಮೀನಿನ ಜೊತೆ ನಾಲ್ಕು ಕಿಲೋ ಹುಲ್ಲನ್ನೂ ಎತ್ತಬೇಕಲ್ಲ.

ಕಳೆ ಮೇಲೆ ಬಂದಿಲ್ಲ, ಒಂದೂವರೆ ಎರಡು ಅಡಿ ಕೆಳಗೆ ನಿಂತಿದೆ, ಮೇಲೆ ತಿಳಿ ನೀರಿದೆ ಅಂದರೆ ಲೆಕ್ಕವೇ ಬೇರೆ. ಇಲ್ಲಿ ಲಿಪ್‌ಲೆಸ್ ಕ್ರ್ಯಾಂಕ್‌ಬೈಟ್ ನನಗೆ ಇಷ್ಟ. ಒಳಗೆ ಗುಂಡುಗಳಿದ್ದು ಗಲಗಲ ಅನ್ನುವ, ಚಪ್ಪಟೆ ಮೀನಿನಂಥ ಲೂರ್, ಹೊಟ್ಟೆಯಲ್ಲಿ ಮೂರು ಮೊನೆಯ ಕೊಕ್ಕೆಗಳು. ಅಂಥ ಕೊಕ್ಕೆಯನ್ನು ಕಳೆ ಇರುವ ಕಡೆ ಎಸೆಯುವುದಾ ಅಂತ ಅನ್ನಿಸಬಹುದು. ಸಿಕ್ಕಿಕೊಳ್ಳಲಿ ಅಂತಲೇ ಎಸೆಯುವುದು! ಕಳೆಯ ತುದಿಗಳನ್ನು ಸವರುವ ವೇಗದಲ್ಲಿ ಸುತ್ತುತ್ತಾ ಬನ್ನಿ, ಎಲ್ಲೋ ಒಂದು ಕಡೆ ತಡೆಯುತ್ತದೆ, ಆಗ ರಾಡಿನಿಂದ ಒಂದು ಜರ್ಕ್ ಕೊಡಿ. ಆರೋಗ್ಯವಾದ ಹೈಡ್ರಿಲ್ಲಾ ಪಟ್ ಅಂತ ಮುರಿಯುತ್ತದೆ, ಲೂರ್ ಚಂಗನೆ ಬಿಡಿಸಿಕೊಳ್ಳುತ್ತದೆ, ಬಾಸ್ ಹೊಡೆಯುವುದು ಬಹುತೇಕ ಆ ಕ್ಷಣದಲ್ಲೇ. ಹಸಿವಿಗೋ ಸಿಟ್ಟಿಗೋ ಅದಕ್ಕೇ ಗೊತ್ತು. ಚಳಿಗಾಲದ ಕೊನೆಯಲ್ಲಿ, ಮೊಟ್ಟೆ ಇಡಲು ದಡದ ಕಡೆ ಸರಿಯುವ ಹೊತ್ತಿನಲ್ಲಿ, ಇದರಷ್ಟು ಬೇಗ ಮೀನು ಹುಡುಕಿಕೊಡುವ ಲೂರ್ ಇನ್ನೊಂದಿಲ್ಲ.

ಆದರೆ ದಾರದಂಥ ಪಾಚಿ ಇದ್ದರೆ ಇದನ್ನು ಮರೆತುಬಿಡಿ. ಪಾಚಿ ಮುರಿಯುವುದಿಲ್ಲ, ಅಂಟಿಕೊಳ್ಳುತ್ತದೆ. ಪ್ರತಿ ಸಲ ಕೂತು ಕೊಕ್ಕೆ ಬಿಡಿಸುವುದರಲ್ಲೇ ಬೆಳಗ್ಗೆ ಮುಗಿಯುತ್ತದೆ. ಸ್ಪಿನ್ನರ್‌ಬೈಟ್‌ನ ತಿರುಗುವ ತಗಡುಗಳಿಗೂ ಇದೇ ಗತಿ.

ಮೂರನೆಯದು ಜೊಂಡು, ಕಿಸಿಮ್ಮಿ ಗ್ರಾಸ್ ಅಂತ ಇಲ್ಲಿಯವರು ಕರೆಯುವ ಹುಲ್ಲು, ಉದ್ದ ರಿಬ್ಬನ್ನಿನಂಥ ಈಲ್‌ಗ್ರಾಸ್. ಇವೆಲ್ಲ ನೆಟ್ಟಗೆ ನಿಲ್ಲುತ್ತವೆ, ನಡುವೆ ದಾರಿ ಇರುತ್ತದೆ. ಫ್ಲಾರಿಡಾದ ಹಳಬರ ಮೆಚ್ಚಿನ ಸ್ಪೀಡ್ ವರ್ಮ್ ಇಲ್ಲಿಗೇ ಹೇಳಿ ಮಾಡಿಸಿದ್ದು. ಬಾಲ ಬಡಿಯುವ ಪ್ಲಾಸ್ಟಿಕ್ ಹುಳು, ಮುಂದೆ ಗುಂಡಿನಾಕಾರದ ಒಂದು ಸಣ್ಣ ತೂಕ, ಸುಮ್ನೆ ಎಸೆದು ಒಂದೇ ಸಮ ಸುತ್ತುತ್ತಾ ಬಂದರಾಯಿತು. ಹೊಸಬರಿಗೆ ನಾನು ಮೊದಲು ಕೊಡುವುದು ಇದನ್ನೇ. ಫ್ರಾಗ್‌ನಷ್ಟು ಮಜಾ ಇಲ್ಲ, ಮೀನು ಮಾತ್ರ ಜಾಸ್ತಿ.

ಈ ಹುಳುವನ್ನು ಕೊಕ್ಕೆಗೆ ಏರಿಸುವ ರೀತಿಗೆ ಟೆಕ್ಸಸ್ ರಿಗ್ ಅನ್ನುತ್ತಾರೆ. ಕಳೆಯಲ್ಲಿ ಗಾಳ ಹಾಕುವವರು ಬೇರೇನು ಕಲಿಯದಿದ್ದರೂ ಇದನ್ನು ಕಲಿಯಬೇಕು. ಕೊಕ್ಕೆಯ ಮೊನೆಯನ್ನು ಹುಳುವಿನ ಮೂತಿಗೆ ಕಾಲು ಇಂಚು ಚುಚ್ಚಿ, ಪಕ್ಕದಿಂದ ಹೊರಗೆ ತೆಗೆದು, ಕೊಕ್ಕೆಯ ಕಣ್ಣು ಮೂತಿಯೊಳಗೆ ಅಡಗುವ ತನಕ ಎಳೆಯಿರಿ. ಈಗ ಕೊಕ್ಕೆಯನ್ನು ಅರ್ಧ ಸುತ್ತು ತಿರುಗಿಸಿ. ಹುಳುವನ್ನು ಪಕ್ಕಕ್ಕೆ ತೂಗುಬಿಟ್ಟರೆ ಕೊಕ್ಕೆಯ ಬಾಗು ಎಲ್ಲಿಗೆ ಬರುತ್ತದೆ ಅಂತ ಕಾಣುತ್ತದೆ, ಸರಿಯಾಗಿ ಅಲ್ಲಿ ಮೊನೆಯನ್ನು ನೇರ ಮೇಲಕ್ಕೆ ಚುಚ್ಚಿ ಹೊರಗೆ ತಂದು, ಮೊನೆಯ ತುದಿಯನ್ನು ಮಾತ್ರ ಮತ್ತೆ ತೊಗಲಿನೊಳಗೆ ಮುಚ್ಚಿಡಿ. ಹುಳು ನೆಟ್ಟಗಿರಬೇಕು. ಒಂದು ಚೂರು ಗೂನು ಬಿದ್ದರೂ ನೀರಿನಲ್ಲಿ ಗಿರಗಿರ ತಿರುಗಿ ದಾರಕ್ಕೆ ಸುರುಳಿ ಬೀಳುತ್ತದೆ. ಕಳೆ ಇನ್ನೂ ಒತ್ತಾಗಿದ್ದರೆ ತೂಕವನ್ನೂ ತೆಗೆದು, 5 ಇಂಚಿನ ಸ್ಟಿಕ್‌ಬೈಟ್, ಅಂದರೆ ಕಡ್ಡಿಯಂಥ ಪ್ಲಾಸ್ಟಿಕ್ ಹುಳು, ಒಂದನ್ನೇ ಹೀಗೆ ಏರಿಸಿ ತೂತುಗಳಿಗೆ ಹಾಕಿ. ಅದು ನಿಧಾನಕ್ಕೆ ನಡುಗುತ್ತಾ ಇಳಿಯುತ್ತದೆ. ನಾವು ಏನೂ ಮಾಡದೆ ದಾರವನ್ನೇ ನೋಡುತ್ತಿರಬೇಕು, ಪಕ್ಕಕ್ಕೆ ಸರಿದರೆ ಮೀನು.

ಇನ್ನು ಪಂಚಿಂಗ್. ಒಂದರಿಂದ ಎರಡು ಔನ್ಸ್ ಟಂಗ್‌ಸ್ಟನ್ ತೂಕ ಕಟ್ಟಿ, ದಪ್ಪ ಕಳೆಯನ್ನು ತೂರಿಕೊಂಡು ಒಂದು ಗಿಡ್ಡ ಪ್ಲಾಸ್ಟಿಕ್ ಸೀಗಡಿಯನ್ನು ಕೆಳಗಿನ ನೆರಳಿಗೆ ಇಳಿಸುವುದು. ಭುಜ ನೋಯುವ ಕೆಲಸ, ದೋಣಿಯಿಲ್ಲದೆ ಆಗದ ಕೆಲಸ. ಇದರಲ್ಲಿ ತಿಳಿಯಬೇಕಾದ ಒಂದು ಸಂಗತಿ ಹೊತ್ತಿನದು. ಮೀನು ಹಿಡಿಯಲು ಬೆಳಗಿನ ಜಾವವೇ ಸರಿ ಅಂತ ಎಲ್ಲರೂ ಹೇಳುತ್ತಾರೆ. ಗಿಡಗಳು ಹಗಲು ಆಮ್ಲಜನಕ ಬಿಡುತ್ತವೆ ನಿಜ, ರಾತ್ರಿಯೆಲ್ಲ ಅವೂ ಉಸಿರಾಡಿ ಅದನ್ನೇ ಖರ್ಚು ಮಾಡುತ್ತವೆ. ಹಾಗಾಗಿ ಒತ್ತಾದ ಕಳೆಯ ಅಡಿಯಲ್ಲಿ ಮುಂಜಾನೆ ಗಾಳಿ ಕಮ್ಮಿ, ಮೀನು ಅಂಚಿಗೆ ಬಂದಿರುತ್ತದೆ. ಬಿಸಿಲೇರಿದ ಮೇಲೆ ಅದು ನೆರಳು ಹುಡುಕಿ ಒಳಗೆ ಹೋಗುತ್ತದೆ. ಅಂದರೆ ಬೆಳಗ್ಗೆ ಕಳೆಯ ಅಂಚಿನಲ್ಲಿ ವರ್ಮ್, ಹನ್ನೊಂದರ ಮೇಲೆ ಕಳೆಯ ನಡುವೆ ಫ್ರಾಗ್ ಅಥವಾ ಪಂಚಿಂಗ್. ಜನ ಬಿಸಿಲಿಗೆ ಹೆದರಿ ಮನೆಗೆ ಹೊರಡುವ ಹೊತ್ತು ನನಗೆ ಪ್ರಿಯ.

ಎಲ್ಲ ಕಳೆಯಲ್ಲೂ ಮೀನಿರುವುದಿಲ್ಲ. ಕಂದು ಬಣ್ಣಕ್ಕೆ ತಿರುಗಿದ, ಮುಟ್ಟಿದರೆ ಕರಗುವ ಕಳೆ ಕೊಳೆಯುತ್ತಾ ಆಮ್ಲಜನಕ ತಿನ್ನುತ್ತದೆ, ಅಲ್ಲಿ ಯಾವ ಲೂರ್ ಹಾಕಿಯೂ ಪ್ರಯೋಜನವಿಲ್ಲ. ಔಷಧಿ ಸಿಂಪಡಿಸಿದ ಜಾಗಗಳಲ್ಲಿ ಹೀಗಾಗುತ್ತದೆ. ಒಳ್ಳೆಯ ಗುರುತು ಅಂದರೆ ಸದ್ದು. ದೋಣಿ ನಿಲ್ಲಿಸಿ ಸುಮ್ಮನೆ ಕೇಳಿ, ಎಲೆಗಳ ಅಡಿಯಿಂದ ಟಪ್ ಟಪ್ ಅಂತ ಚಪ್ಪರಿಸುವ ಸದ್ದು ಬಂದರೆ ಬ್ಲೂಗಿಲ್ ಅನ್ನುವ ಸಣ್ಣ ಮೀನಿನ ಮರಿಗಳು ಹುಳ ಆರಿಸುತ್ತಿವೆ. ಅವು ಇದ್ದಲ್ಲಿ ಬಾಸ್ ದೂರ ಇರುವುದಿಲ್ಲ.

ಬಣ್ಣದ ಬಗ್ಗೆ ಜಗಳ ಬೇಡ. ನೀರು ಟೀ ಬಣ್ಣ ಇದ್ದರೆ ಜೂನ್‌ಬಗ್, ಅಂದರೆ ಕಡು ನೇರಳೆ. ತಿಳಿ ಇದ್ದರೆ ಗ್ರೀನ್ ಪಂಪ್ಕಿನ್. ಫ್ರಾಗ್‌ಗಾದರೆ ಕಪ್ಪು ಒಂದು, ಬಿಳಿ ಒಂದು. ಮೀನು ನೋಡುವುದು ಕೆಳಗಿನಿಂದ, ಬೆನ್ನಿನ ಮೇಲಿನ ಚಿತ್ತಾರವೆಲ್ಲ ನಮಗಾಗಿ ಬರೆದದ್ದು.

ಊರಿಗೆ ಹೋಗುವಾಗ ನಾನು ಅಣ್ಣನ ಮಗನಿಗೆ ಫ್ರಾಗ್‌ಗಳನ್ನೇ ಒಯ್ಯುತ್ತೇನೆ. ನಮ್ಮ ಕೆರೆಯಲ್ಲಿ ಬಾಸ್ ಇಲ್ಲ, ಹಾವಿನಂಥ ತಲೆಯ ಮರ್ರೆಲ್ ಮೀನು ಇದೆಯಲ್ಲ, ಕಳೆಯ ಅಡಿ ಹೊಂಚುವುದರಲ್ಲಿ ಬಾಸ್‌ಗೇನೂ ಕಮ್ಮಿಯಿಲ್ಲ. ಬಾಸ್ ಬಾಯಿ ಬರೀ ಉಪ್ಪುಕಾಗದದ ಹಾಗೆ ಒರಟು, ಇದಕ್ಕಾದರೆ ನಿಜವಾದ ಹಲ್ಲು, ಹಾಗಾಗಿ ಫ್ರಾಗ್ ಬೇಗ ತೂತು ಬೀಳುತ್ತದೆ. ಅದೇ ಕುಟುಂಬದ ಬುಲ್ಸ್‌ಐ ಸ್ನೇಕ್‌ಹೆಡ್ ಈಗ ದಕ್ಷಿಣ ಫ್ಲಾರಿಡಾದ ಕಾಲುವೆಗಳಲ್ಲೂ ಇದೆ, 2000ದಲ್ಲಿ ಮೊದಲು ಸಿಕ್ಕಿತು. ಫ್ರಾಗ್‌ಗೆ ಅದೂ ಬೀಳುತ್ತದೆ.

ದೋಣಿ ಇಲ್ಲದವರು ದಡದಿಂದ ನೇರ ಕೆರೆಯ ನಡುವಿಗೆ ಎಸೆಯುತ್ತಾರೆ. ಬೇಡ. ಕಳೆಯ ಅಂಚಿಗೆ ಸಮಾನಾಂತರವಾಗಿ, ದಡದ ಉದ್ದಕ್ಕೂ ಎಸೆಯಿರಿ, ಲೂರ್ ಪೂರ್ತಿ ದಾರಿ ಮೀನಿರುವ ಜಾಗದಲ್ಲೇ ಬರುತ್ತದೆ. ನೀರಿನ ಅಂಚಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಲ್ಲಿ, ಮೊಸಳೆ ಜಾತಿಯ ಅಲಿಗೇಟರ್‌ಗಳಿಗೂ ಫ್ರಾಗ್ ಸದ್ದು ಇಷ್ಟ. ಒಂದು ಹಿಂಬಾಲಿಸಿತು ಅಂದರೆ ಆ ಜಾಗ ಬಿಟ್ಟು ಹೊರಡಿ. ಮನೆಗೆ ಒಯ್ಯುವುದಾದರೆ ದಿನಕ್ಕೆ 5 ಬಾಸ್, ಅದರಲ್ಲಿ 16 ಇಂಚು ಅಥವಾ ಅದಕ್ಕೂ ಉದ್ದದ್ದು ಒಂದೇ. ಲೈಸೆನ್ಸ್ ದಡದಿಂದ ಹಿಡಿದರೂ ಬೇಕು, ಇಲ್ಲಿನ ನಿವಾಸಿಗಳಿಗೆ ವರ್ಷಕ್ಕೆ 17 ಡಾಲರ್, ಎರಡು ಫ್ರಾಗ್‌ಗಳ ಬೆಲೆ.